ಕೊಟ್ಟೆ, ಕೇಳಿದ್ದಲ್ಲ

ಮೊಳೆಗೆ ತೂಗುಬಿಟ್ಟಿದ್ದ ಚೂರಿಯನ್ನು ಅವನು ಅದರ ಕೆಂಪು ಬಟ್ಟೆಯ ಸಮೇತ ಕಿತ್ತುಕೊಂಡ. ಬಟ್ಟೆಯ ಅಂಚು ಮೊಳೆಗೆ ಸಿಕ್ಕಿ ಪರ್ರನೆ ಹರಿಯಿತು.

“ಅಯ್ಯೋ, ಬೇಡ ಸಾರ್! ಬಿಡಿ ಅದನ್ನ!” ಪರದೆ ಎಳೆಯುವ ಮುದುಕ ಹಗ್ಗದ ಬಳಿಯಿಂದ ಪಿಸುಗುಟ್ಟಿದ. ಕೂಗುವ ಹಾಗಿರಲಿಲ್ಲ. ಬಣ್ಣದ ಹಲಗೆಯ ಆಚೆ ಆಟ ನಡೆಯುತ್ತಿತ್ತು. ಐನೂರು ಜನ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು.

“ಯಾಕೆ, ಕಚ್ಚುತ್ತಾ?”

“ಕೈಯಾರೆ ತಗೋಬಾರ್ದು ಅದನ್ನ. ನಿಮ್ಮಕ್ಕ ಅಮ್ಮೋರೇ ಬಂದು ಕೊಡ್ಲಿ. ಎರಡೇ ನಿಮಿಷ.”

“ಎರಡು ನಿಮಿಷದಲ್ಲಿ ನಾನು ರಾಜನ್ನ ಕೊಂದು, ಮುಖ ತೊಳೆದು, ಚಹಾ ಕುಡೀತಾ ಇರ್ತೀನಿ.”

ತನ್ನ ಮಾತಿಗೆ ತಾನೇ ನಕ್ಕ.

ಕಂಪನಿಗೆ ಬಂದು ನಾಲ್ಕು ತಿಂಗಳಾಗಿದ್ದರೂ ಎಲ್ಲರ ಬಾಯಲ್ಲೂ ಅವನು ಇನ್ನೂ ‘ಹೊಸಬ’. ಅಭಿನಯ ಶಾಲೆಯಲ್ಲಿ ಮೊದಲನೆಯವನಾಗಿ ಪಾಸಾಗಿದ್ದ. ಅದನ್ನು ದಿನಕ್ಕೊಂದು ಸಲವಾದರೂ ಯಾರಿಗಾದರೂ ಹೇಳದೆ ಬಿಡುತ್ತಿರಲಿಲ್ಲ. ಕಂಪನಿಯ ಯಜಮಾನ ಅವನ ಭಾವ. ಸಾಮಾನು ಕೋಣೆಯ ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವಳು ಅವನ ಅಕ್ಕ. ತಾಯಿ ಸತ್ತಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅವನನ್ನು ಕಂಕುಳಲ್ಲಿ ಎತ್ತಿಕೊಂಡೇ ಅವಳು ಈ ಕಂಪನಿಯ ಮೆಟ್ಟಿಲು ಹತ್ತಿದ್ದಳು. ಮರುವರ್ಷವೇ ಅವನನ್ನು ದೂರದ ಊರಿನ ಹಾಸ್ಟೆಲಿಗೆ ಓದಲು ಕಳಿಸಿದ್ದಳು.

ಕಂಪನಿಗೆ ಅನ್ನ ಹಾಕುತ್ತಿದ್ದದ್ದು ಒಂದೇ ಒಂದು ಹಳೆಯ ದುರಂತ ನಾಟಕ. ಅಣ್ಣ ರಾಜ, ತಮ್ಮನಿಗೆ ಸಿಂಹಾಸನದ ಮೇಲೆ ಕಣ್ಣು. ಮಲಗಿದ ಅಣ್ಣನನ್ನು ತಮ್ಮ ಮೂರು ಸಲ ಇರಿದು ಕೊಲ್ಲುತ್ತಾನೆ, ಉಳಿದ ಎರಡು ಅಂಕ ತನ್ನ ಕೈಯನ್ನೇ ನೋಡಿಕೊಂಡು ಹುಚ್ಚನಾಗುತ್ತಾನೆ. ಇಪ್ಪತ್ತು ವರ್ಷ ಆ ತಮ್ಮನ ಪಾತ್ರ ಭಾವನದೇ. ಇವತ್ತು ಮಧ್ಯಾಹ್ನದ ಆಟಕ್ಕೆ ಮಾತ್ರ ಅದನ್ನು ಹೊಸಬನಿಗೆ ಬಿಟ್ಟುಕೊಟ್ಟು, ತಾನು ರಾಜನಾಗಿ ಮಂಚದ ಮೇಲೆ ಮಲಗಲು ಒಪ್ಪಿದ್ದ. ಸಂಜೆಯ ಆಟಕ್ಕೆ ರಾಜಧಾನಿಯ ದೊಡ್ಡ ರಂಗಮಂದಿರದ ಯಜಮಾನರು ಬರುವವರಿದ್ದರು. ನಟನೊಬ್ಬನನ್ನು ಆರಿಸಿಕೊಂಡು ಹೋಗಲು.

“ಸಂಜೆಯದೂ ನಂಗೇ ಕೊಡಿ ಭಾವ,” ಎಂದು ಹೊಸಬ ಬೆಳಿಗ್ಗೆ ಎಲ್ಲರೆದುರು ಕೇಳಿದ್ದ.

ಭಾವ ಮುಖಕ್ಕೆ ಬಣ್ಣ ಮೆತ್ತುತ್ತಾ ಕನ್ನಡಿಯಲ್ಲೇ ಅವನನ್ನು ನೋಡಿದ್ದ. “ನಿಂಗಿನ್ನೂ ಕೊಲ್ಲೋಕೆ ಬರಲ್ಲ ಕಣೋ ಭಾಮೈದ. ಚುಚ್ತೀಯ ಅಷ್ಟೇ. ದಿಂಬಿಗೆ ಸೂಜಿ ಚುಚ್ಚಿದ ಹಾಗೆ.”

ಎಲ್ಲರೂ ನಕ್ಕಿದ್ದರು. ಆ ನಗು ಅವನ ಕಿವಿಯಲ್ಲಿ ಇನ್ನೂ ಆರಿರಲಿಲ್ಲ.

ಚೂರಿಯ ವಿಷಯಕ್ಕೆ ಕಂಪನಿಯಲ್ಲಿ ಒಂದು ಕಟ್ಟುಪಾಡಿತ್ತು. ತಾಲೀಮಿನಲ್ಲಿ ಅದನ್ನು ಯಾರೂ ಮುಟ್ಟುವಂತಿಲ್ಲ; ಅದರ ಬದಲು ಮರದ ಅಳತೆಪಟ್ಟಿ. “ಅಕ್ಕಾ, ಇದ್ರಲ್ಲಿ ಇರಿದ್ರೆ ರಾಜ ಸಾಯಲ್ಲ, ಅಂಗಿ ಅಳತೆ ಕೊಟ್ಟು ಎದ್ದು ಹೋಗ್ತಾನೆ” ಎಂದು ಹೊಸಬ ಗೇಲಿ ಮಾಡುತ್ತಿದ್ದ. ಆಟದ ಹೊತ್ತಿಗೆ ಮಾತ್ರ ಅಕ್ಕ ಚೂರಿಯನ್ನು ಮೊಳೆಯಿಂದ ಇಳಿಸಿ, ತನ್ನ ಅಂಗೈಗೆ ಒತ್ತಿ, ಅಲಗು ಹಿಡಿಯೊಳಗೆ ಟಕ್ ಎಂದು ಜಾರುವುದನ್ನು ತೋರಿಸಿ, “ಕೊಟ್ಟೆ” ಎನ್ನಬೇಕು. ನಟ “ಕೇಳಿದ್ದಲ್ಲ” ಎಂದು ತೆಗೆದುಕೊಳ್ಳಬೇಕು. ಕೊಲೆ ಮುಗಿಸಿ ಬಂದು “ಮಾಡಿದ್ದಲ್ಲ” ಎಂದು ಚಾಚಬೇಕು. ಅಕ್ಕ “ಇಸ್ಕೊಂಡೆ” ಎಂದು ಕೆಂಪು ಬಟ್ಟೆಯಲ್ಲಿ ಸುತ್ತಿಡಬೇಕು. ಅಕ್ಕನ ಕಾಲದಲ್ಲಿ ಈ ನಾಲ್ಕು ಮಾತು ಒಂದು ದಿನವೂ ತಪ್ಪಿರಲಿಲ್ಲ.

ಇವತ್ತು ರಾಣಿಯ ರವಿಕೆಯ ಭುಜ ಹರಿದು, ಅಕ್ಕ ಸೂಜಿ ದಾರ ಹಿಡಿದು ಬಣ್ಣದ ಕೋಣೆಗೆ ಓಡಿದ್ದಳು.

“ಕೇಳಿ ಸಾರ್,” ಮುದುಕ ಹತ್ತಿರ ಸರಿದ. “ನನ್ನ ಅಪ್ಪನ ಕಾಲದಲ್ಲಿ ಒಬ್ಬ ನಟ ಇದರ ಸ್ಪ್ರಿಂಗ್ ಕಿತ್ತು, ಪಾತ್ರದ ಆಸೆಗೆ ಇನ್ನೊಬ್ಬನ್ನ ನಿಜವಾಗ್ಲೂ ಕೊಂದ. ಸತ್ತವನ ತಾಯಿ ಇಲ್ಲೇ ಬಟ್ಟೆ ಹೊಲೀತಿದ್ಲು. ಮಗನ ಕೂದಲನ್ನ ರಕ್ತದಲ್ಲಿ ನೆನೆಸಿ ಈ ಹಿಡಿಗೆ ಸುತ್ತಿದ್ಲು. ಮೂರು ದಿನ ಕತ್ತಲ ಕೋಣೆಯಲ್ಲಿ ಕೂತು ಮಾಟ ಕಟ್ಟಿದ್ಲು. ‘ಬೇಕು ಅಂತ ಹಿಡಿದವನ ಬೇಕು ತೀರಿಸು, ತೀರಿದ ಮೇಲೆ ಅವನನ್ನ ಬಿಡಬೇಡ’ ಅಂದ್ಲು. ನೀರಿಗೆ ಹಾಕಿದ್ರು, ಬೆಂಕಿಗೆ ಹಾಕಿದ್ರು. ಮಾರನೇ ದಿನ ಇದೇ ಮೊಳೆಯಲ್ಲಿ. ಏನೂ ಬೇಡದ ಕೈ ಕೊಟ್ಟು, ಏನೂ ಬೇಡದ ಕೈ ವಾಪಸ್ ಇಸ್ಕೊಂಡ್ರೆ ಮಾತ್ರ ಇದು ತೆಪ್ಪಗಿರುತ್ತೆ.”

“ನಿನ್ನ ಬೆರಳೂ ಇದೇ ತಿಂತಾ?”

ಮುದುಕ ಎಡಗೈ ಎತ್ತಿದ. ಅದರಲ್ಲಿ ಮೂರೇ ಬೆರಳು. “ಇದು ತಿನ್ಲಿಲ್ಲ. ಹುಡುಗನಾಗಿದ್ದಾಗ ನಾನೂ ಕೈಯಾರೆ ತಗೊಂಡಿದ್ದೆ, ಇದನ್ನ ಬಿಡಿಸೋಕೆ ಕೊಡಲಿಯಲ್ಲಿ ಕಡಿದ್ರು.”

“ಗರಗಸಕ್ಕೆ ಕೈ ಕೊಟ್ಟು ಪಾಪದ ಚೂರಿ ಮೇಲೆ ಹಾಕ್ತಿದ್ದೀಯ.” ಹೊಸಬ ಚೂರಿಯನ್ನು ಅಂಗೈಗೆ ಒತ್ತಿದ. ಟಕ್. ಅಲಗು ಒಳಗೆ ಜಾರಿತು, ಹಿಡಿಯೊಳಗಿನ ರಬ್ಬರು ಬುಗ್ಗೆ ಸಕ್ಕರೆ ಪಾಕದಲ್ಲಿ ಕಲಸಿದ ಕೆಂಪು ಬಣ್ಣವನ್ನು ಒಂದು ಹನಿ ಉಗುಳಿತು. ಅವನು ಅದನ್ನು ನೆಕ್ಕಿ ತೋರಿಸಿದ. “ನೋಡು, ಸಿಹಿ. ಸರಿ, ನಿಮ್ಮ ಮಂತ್ರ ನಾನೇ ಹೇಳ್ತೀನಿ. ನಾನೇ ಕೇಳಿ, ನಾನೇ ತಗೊಂಡಿದ್ದೀನಿ. ಸಾಕಾ?”

ಮುದುಕ ಕಿವಿ ಮುಚ್ಚಿಕೊಂಡ.

ಮೊದಲು ಬಂದದ್ದು ವಾಸನೆ. ಸುಟ್ಟ ಕೂದಲಿನ ವಾಸನೆ. ದೀಪದ ಶಾಖಕ್ಕೆ ಯಾರದೋ ಕೃತಕ ಕೂದಲಿನ ಟೋಪನ್ನು ಹಿಡಿದಂತೆ. ಆಮೇಲೆ ಹಿಡಿ ಬೆಚ್ಚಗಾಯಿತು. ಈಗಷ್ಟೇ ಯಾರೋ ಬಿಟ್ಟ ಕುರ್ಚಿಯ ಹಾಗಿನ ಬಿಸುಪು ಅದು. ಅವನು ಹಿಡಿತ ಬದಲಿಸಲು ನೋಡಿದ. ಬೆರಳು ಏಳಲಿಲ್ಲ. ಮೀಸೆ ಅಂಟಿಸುವ ಗೋಂದು ಮೆತ್ತಿರಬೇಕು ಅಂದುಕೊಂಡ.

ಅಕ್ಕ ಬಂದಳು. ಬಾಯಲ್ಲಿ ದಾರದ ತುಂಡು ಕಚ್ಚಿಕೊಂಡಿದ್ದಳು. ಖಾಲಿ ಮೊಳೆ ನೋಡಿದಳು. ಅವನ ಕೈ ನೋಡಿದಳು. ದಾರ ಬಾಯಿಂದ ಕೆಳಗೆ ಬಿತ್ತು.

“ಪುಟ್ಟಾ, ಕೊಡು ಇಲ್ಲಿ.” ಎರಡೂ ಅಂಗೈ ಚಾಚಿದಳು. “ಈಗ ಕೊಟ್ರೂ ಸಾಕು. ನಾನು ಇಸ್ಕೋತೀನಿ. ಅಳತೆಪಟ್ಟಿ ಹಿಡ್ಕೊಂಡು ಹೋಗು.”

“ಐನೂರು ಜನ ನಗಬೇಕಾ ನನ್ನ ನೋಡಿ?”

“ನಗ್ಲಿ ಬಿಡೋ. ನನ್ನಾಣೆ, ಕೊಡು.”

ಅವಳ ಕೈ ಅವನ ಕೈಗೆ ಒಂದು ಗೇಣು ದೂರದಲ್ಲಿತ್ತು. ಆ ಹೊತ್ತಿಗೆ ಬೆರಳು ಸ್ವಲ್ಪ ಸಡಿಲವಾದದ್ದು ಅವನಿಗೆ ತಿಳಿಯಿತು. ಕೊಡಬಹುದಿತ್ತು. ಅಷ್ಟರಲ್ಲಿ ಬೆಳಕು ತಗ್ಗಿತು. ಅವನು ಪ್ರವೇಶಿಸುವ ಗಳಿಗೆ. ದಿಂಬಿಗೆ ಸೂಜಿ ಚುಚ್ಚಿದ ಹಾಗೆ, ಎಂದು ಯಾರೋ ಕಿವಿಯಲ್ಲಿ ನಕ್ಕರು. ಅವನು ಅಕ್ಕನ ಕೈ ತಳ್ಳಿ ರಂಗಕ್ಕೆ ಕಾಲಿಟ್ಟ.

ನೀಲಿ ಬೆಳಕು. ಮಂಚ. ಮಂಚದ ಮೇಲೆ ಭಾವ. ಬಣ್ಣ, ಬೆವರು, ಹಳೆಯ ಮಖಮಲ್ಲಿನ ಮುಗ್ಗು ವಾಸನೆ. ಹೊಸಬ ಒಂದೊಂದೇ ಹೆಜ್ಜೆ ಇಟ್ಟ. ಹಲಗೆ ಕಿರುಗುಟ್ಟಿತು. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ. ಇಂಥ ಮೌನವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಈ ಮೌನ ತನ್ನದು ಎಂದು ಅವನಿಗೆ ಹೆಮ್ಮೆಯಾಯಿತು. ಮಂಚದ ಪಕ್ಕ ಮಂಡಿಯೂರಿದ. ಚೂರಿ ಎತ್ತಿದ.

ಸಭೆಗೆ ಕಾಣದ ಕಡೆಯ ಕಣ್ಣನ್ನು ಭಾವ ಅರ್ಧ ತೆರೆದ. ತುಟಿ ಅಲ್ಲಾಡಿಸದೆ ಮಾತಾಡುವುದು ಅವನಿಗೆ ಇಪ್ಪತ್ತು ವರ್ಷದ ರೂಢಿ.

“ಭೇಷ್ ಕಣೋ ಭಾಮೈದ. ಎಲ್ಲರನ್ನೂ ಕಟ್ಟಿಹಾಕಿಬಿಟ್ಟೆ. ಸಂಜೆ ಆಟಾನೂ ನೀನೇ ಮಾಡು. ನಾನು ಹೀಗೇ ಮಲಗಿರ್ತೀನಿ.”

ಬೇಕಾದದ್ದು ಸಿಕ್ಕಿತ್ತು. ಒಂದು ಹನಿ ರಕ್ತವಿಲ್ಲದೆ, ನಗುನಗುತ್ತಾ ಸಿಕ್ಕಿತ್ತು. ಇನ್ನೀಗ ಕೈ ಸಡಿಲಬೇಕಿತ್ತು.

ಸಡಿಲಲಿಲ್ಲ.

ಆಗ ಅವನಿಗೆ ಗೊತ್ತಾಯಿತು, ಮೊಳೆಯಿಂದ ಕಿತ್ತುಕೊಳ್ಳುವಾಗ ತಾನು ಬಯಸಿದ್ದು ಸಂಜೆಯ ಆಟವನ್ನಲ್ಲ. ಕನ್ನಡಿಯಲ್ಲಿ ನಕ್ಕ ಆ ಮುಖ ಇನ್ನೆಂದೂ ನಗಬಾರದು ಎಂದು ಬಯಸಿದ್ದ. ಅವನೇ ಮರೆತಿದ್ದ. ಕೈ ಮರೆತಿರಲಿಲ್ಲ.

ಚೂರಿ ಇಳಿಯಿತು.

ಟಕ್ ಎನ್ನಲಿಲ್ಲ. ಒದ್ದೆ ಮರಳಿನ ಮೂಟೆಗೆ ಗುದ್ದಲಿ ಹಾಕಿದಂಥ ಸದ್ದು ಬಂತು. ಭಾವನ ಕಣ್ಣು ಎರಡೂ ತೆರೆದವು. ಬಿಸಿಯಾದದ್ದೊಂದು ಹೊಸಬನ ಮುಖಕ್ಕೆ ಚಿಮ್ಮಿ ತುಟಿಗೆ ಇಳಿಯಿತು. ಅದು ಸಿಹಿಯಿರಲಿಲ್ಲ.

“ನಿಧಾನ ಕಣೋ…” ಎಂದ ಭಾವ, ಇನ್ನೂ ಪಿಸುದನಿಯಲ್ಲಿ, ಇನ್ನೂ ಆಟ ಕೆಡಬಾರದು ಎಂಬಂತೆ. “ನಿಧಾನ. ನೋವು…”

ಎರಡನೆಯದು. ಪಕ್ಕೆಲುಬಿಗೆ ತಗುಲಿ ಅಲಗು ಕರಕರ ಎಂದಿತು. ಹೊಸಬ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದು ಹಿಂದಕ್ಕೆ ಎಳೆದ. ಬಲಗೈ ಎಡಗೈಯನ್ನೂ ಹೊತ್ತುಕೊಂಡೇ ಇಳಿಯಿತು. ಮೂರು. ನಾಟಕದಲ್ಲಿದ್ದದ್ದು ಮೂರೇ. ಕೈ ನಾಟಕ ಓದಿರಲಿಲ್ಲ. ನಾಲ್ಕು. ಭಾವನ ಬೆರಳು ಅವನ ಕೊರಳಪಟ್ಟಿ ಹಿಡಿಯಿತು, ಜಾರಿತು. ಐದು. ಮಂಚದ ಹಗ್ಗ ತುಂಡಾಯಿತು. ಆರು. ಹೊಸಬ ಕಿರುಚಿದ. “ನಿಲ್ಸಿ! ಯಾರಾದ್ರೂ ನಿಲ್ಸಿ!” ಏಳು. ನೀಲಿ ಬೆಳಕಿನಲ್ಲಿ ರಕ್ತ ಕಪ್ಪಗಿತ್ತು. ಎಂಟು. ಗಂಟಲು. ಗುಳುಗುಳು. ಒಂಬತ್ತು. ಸದ್ದಿಲ್ಲ.

ಸಭೆ ಎದ್ದು ನಿಂತಿತು. ಚಪ್ಪಾಳೆ. ಶಿಳ್ಳೆ. ಯಾರೋ ಮತ್ತೊಮ್ಮೆ ಮಾಡಿ ಎಂದು ಕೂಗಿದರು.

ಪರದೆ ದಡದಡನೆ ಬಿತ್ತು.

ಅಕ್ಕ ಓಡಿಬರಲಿಲ್ಲ. ನಡೆದು ಬಂದಳು. ಸೊಂಟದ ಬೀಗದ ಕೈಗಳು ಹೆಜ್ಜೆಹೆಜ್ಜೆಗೂ ಗಿಲಿಗುಟ್ಟಿದವು. ಮಂಚದ ಬಳಿ ಕೂತು ಗಂಡನ ಮುಖದ ಬಣ್ಣವನ್ನು ಸೆರಗಿನಿಂದ ಒರೆಸಿದಳು. ಬಿಳಿ ಬಣ್ಣ ಹೋಯಿತು, ಕೆಂಪು ಹೋಯಿತು. ಕೆಳಗೆ ಬರೀ ಮನುಷ್ಯ ಉಳಿದ. ಅವನ ಕಣ್ಣು ಮುಚ್ಚಿದಳು. ದಿನಾ ಸಕ್ಕರೆ ಪಾಕದ ಬಣ್ಣಕ್ಕೆ ಮುತ್ತುತ್ತಿದ್ದ ಇರುವೆಗಳಲ್ಲಿ ಒಂದೂ ಇವತ್ತು ಹಲಗೆಯ ಮೇಲೆ ಹರಿದದ್ದಕ್ಕೆ ಮುತ್ತಲಿಲ್ಲ.

“ಅಕ್ಕಾ.”

ಅವಳು ಗಂಡನ ಕೆದರಿದ ಕೂದಲನ್ನು ಸರಿಮಾಡಿದಳು.

“ಅಕ್ಕಾ, ಕೈ… ಕೈ ನೋಡೇ.”

ಬಲಗೈ ನಿಧಾನವಾಗಿ ತಿರುಗುತ್ತಿತ್ತು. ಅಲಗಿನ ತುದಿ ಅವನ ಹೊಟ್ಟೆಯ ಕಡೆಗೆ ಮುಖ ಮಾಡಿತ್ತು. ಅವನು ಎಡಗೈಯಲ್ಲಿ ಒತ್ತಿಹಿಡಿದಿದ್ದ. ಮಣಿಕಟ್ಟಿನ ಮೂಳೆ ಲಟಕ್ಕೆಂದಿತು. ಹಿಡಿಗೆ ಸುತ್ತಿದ್ದ ಕೂದಲು ಬಿಚ್ಚಿಕೊಂಡು ಬೆರಳುಗಳ ಸುತ್ತ ಒಂದೊಂದೇ ಸುತ್ತು ಹಾಕುತ್ತಿತ್ತು. ಸೂಜಿ ಹೋಗಿಬಂದಂತೆ ಒಂದೊಂದು ಸುತ್ತಿಗೂ ಚರ್ಮ ತೂತಾಗುತ್ತಿತ್ತು.

ಮುದುಕ ಬಡಗಿಯ ಪೆಟ್ಟಿಗೆಯಿಂದ ಕೊಡಲಿ ತಂದು ನಿಂತಿದ್ದ. ಹೊಸಬನ ಕೈ ನೋಡಿ ತಲೆಯಾಡಿಸಿದ. “ಎರಡು ಬೆರಳಲ್ಲಿ ಬಿಡೋದಲ್ಲ ಇದು. ಅಮ್ಮಾ, ನೀವು ಇಸ್ಕೊಂಡ್ರೆ ಮಾತ್ರ.”

ಹೊಸಬ ಮಂಡಿಯಲ್ಲೇ ತೆವಳಿ ಅವಳೆದುರು ಬಂದ. ರಕ್ತದಲ್ಲಿ ಜಾರಿ ಬಿದ್ದ, ಎದ್ದ. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಚೂರಿಯನ್ನು ತನ್ನ ಹೊಟ್ಟೆಯಿಂದ ಆಚೆ, ಅವಳ ಕಡೆಗೆ ಚಾಚಿದ. ಆರು ವರ್ಷದವನಿದ್ದಾಗ ಮುಳ್ಳು ಚುಚ್ಚಿದ ಕೈಯನ್ನು ಹೀಗೇ ಚಾಚುತ್ತಿದ್ದ.

“ಮಾಡಿದ್ದಲ್ಲ,” ಎಂದ. “ಅಕ್ಕಾ, ಮಾಡಿದ್ದಲ್ಲ. ಇದೇ ಮಾಡಿದ್ದು, ನಾನಲ್ಲ. ಆ ಹೆಂಗಸಿನ ಮಾಟ. ಇಸ್ಕೋ ಅಕ್ಕಾ. ನಿನ್ನ ಪುಟ್ಟ ನಾನು.”

ಅಕ್ಕ ಚೂರಿ ನೋಡಿದಳು. ಅದರ ಹಿಂದಿದ್ದ ಮುಖ ನೋಡಿದಳು. ಅವಳ ಬಲಗೈ ತಾನಾಗಿ ಎದ್ದಿತು, ಗಾಳಿಯಲ್ಲಿ ನಿಂತಿತು. ಬೆರಳುಗಳು ಒಂದು ಸಲ ಮುಚ್ಚಿ ತೆರೆದವು. ಆ ಮುಚ್ಚಿದ ರೀತಿಯಲ್ಲಿ ಏನಿತ್ತೋ, ಮುದುಕ ಎರಡು ಹೆಜ್ಜೆ ಹಿಂದೆ ಸರಿದ.

“ಏನೂ ಬೇಡದ ಕೈ ಬೇಕು ಅದಕ್ಕೆ,” ಎಂದಳು ಅಕ್ಕ. ದನಿ ಏರಲಿಲ್ಲ. “ಇಷ್ಟು ವರ್ಷ ನನಗೇನೂ ಬೇಡವಾಗಿತ್ತು. ಈಗ ಬೇಕು ಕಣೋ. ಹಿಡಿದ್ರೆ ನಿನ್ನ ಎದೆಗೇ ಹಾಕ್ತೀನಿ.”

“ಹಾಗಾದ್ರೂ ಆಗ್ಲಿ! ಇಸ್ಕೋ!”

ಪರದೆಯ ಆಚೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅಲಗಿನ ತುದಿ ಮತ್ತೆ ಒಳಗೆ ತಿರುಗಿ ಅವನ ಅಂಗಿಯ ಗುಂಡಿಗೆ ತಾಗಿತು. ಗುಂಡಿ ಉದುರಿ ಹಲಗೆಯ ಮೇಲೆ ಉರುಳಿತು.

ಅಕ್ಕ ಕೈ ಕೆಳಗಿಳಿಸಿದಳು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಬಿಗಿಯಾಗಿ ಗಂಟು ಹಾಕಿದಳು.

“ನೀನೇ ಕೇಳಿದ್ದು. ನೀನೇ ಮಾಡಿದ್ದು,” ಎಂದಳು. “ನಾನು ಇಸ್ಕೊಳ್ಳಲ್ಲ.”