ರಾಹುಕಾಲದ ಟ್ರಾಂಬೋನ್

"ಅಯ್ಯೋ, ಗಂಡಿನ ಕಡೆಯೋರು ಬಂದೇಬುಟ್ರು ಕಣ್ರೇ!"

ಕನಕಮ್ಮನ ಕೂಗಿಗೆ ಕೆಲಮಂಗಲದ ಕಲ್ಯಾಣ ಮಂಟಪವೇ ಬೆಚ್ಚಿಬಿತ್ತು. ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರರವರೆಗೆ. ಅದು ಶುರುವಾಗುವ ಮುಂಚೆ ದೇವಸ್ಥಾನ ಬಿಟ್ಟು, ಪೇಟೆ ಬೀದಿಯಲ್ಲಿ ಸಾವಕಾಶವಾಗಿ ಕುಣಿದುಕೊಂಡು, ಅದು ಕಳೆದ ಮೇಲೆ ಮಂಟಪದ ಬಾಗಿಲು ಮುಟ್ಟಬೇಕೆಂದು ಹಿರಿಯರು ಲೆಕ್ಕ ಹಾಕಿದ್ದರು. ಈಗ ನೋಡಿದರೆ ಗಂಟೆ ಐದಾಗಿದೆ, ಮೆರವಣಿಗೆ ಆಗಲೇ ಬೀದಿ ತಿರುವಿನಲ್ಲಿದೆ!

ಕನಕಮ್ಮನ ಮಗಳು ಜಯಂತಿಯ ಜಡೆ ಅರ್ಧ ಹೆಣೆದಿತ್ತು. ಮದುಮಗಳು ರಮಾದೇವಿ ಅವಳ ದೊಡ್ಡಪ್ಪನ ಮಗಳು. ಮದುಮಗನಿಗೆ ಬಾಗಿಲಲ್ಲಿ ಆರತಿ ಎತ್ತುವ ಕೆಲಸ ಜಯಂತಿಯದು. ಓಕುಳಿ ನೀರನ್ನು ಇನ್ನೂ ಕಲಸಿರಲಿಲ್ಲ. ಒಂದು ಕೈಯಲ್ಲಿ ಖಾಲಿ ತಟ್ಟೆ, ಇನ್ನೊಂದರಲ್ಲಿ ಬಿಚ್ಚಿಹೋಗುತ್ತಿದ್ದ ಜಡೆ ಹಿಡಿದು ಅವಳು ಹೊರಗೆ ಓಡಿದಳು.

ಕಾರಣ ಅಲ್ಲೇ ಕಾಣಿಸಿತು. ಬ್ಯಾಂಡ್ ಸೆಟ್ಟಿನ ಮುಂದೆ ಒಬ್ಬ ಯುವಕ ಕಣ್ಣು ಮುಚ್ಚಿಕೊಂಡು ಟ್ರಾಂಬೋನ್ ಊದುತ್ತಿದ್ದ. ಆ ಹಿತ್ತಾಳೆ ವಾದ್ಯದ ಉದ್ದನೆಯ ಜಾರುಕೊಳವೆ, ಸ್ಲೈಡ್, ಹಿಂದೆ ಮುಂದೆ ಹಾರುತ್ತಿತ್ತೇ ಹೊರತು ಎಲ್ಲಿಯೂ ನಿಂತಂತೆ ಕಾಣುತ್ತಿರಲಿಲ್ಲ. ಡ್ರಮ್ಮಿನವರು ಬೆವರು ಸುರಿಸಿಕೊಂಡು ಅವನ ಹಿಂದೆ ಬಿದ್ದಿದ್ದರು. ಕುಣಿಯುವ ಹುಡುಗರು ಕುಣಿತ ಮರೆತು ಓಡುತ್ತಿದ್ದರು. ಮದುಮಗನ ಹೂವಿನ ಕಾರು ಎರಡನೇ ಗೇರಿಗೆ ಬಂದಿತ್ತು. ಯಾರೋ ಹಿರಿಯರು ತೆಲುಗಿನಲ್ಲಿ "ಆಗಂಡಿ, ಆಗಂಡಿ!" ಎಂದು ನಿಲ್ಲುವಂತೆ ಕೈ ಬೀಸುತ್ತಾ ಹಿಂದಿನಿಂದ ಏದುಸಿರು ಬಿಟ್ಟುಕೊಂಡು ಬರುತ್ತಿದ್ದರು.

ಜಯಂತಿ ನೇರ ಹೋಗಿ ಅವನೆದುರು ನಿಂತಳು. "ಏನ್ರೀ, ಯಾರ್ ಅಟ್ಟಿಸ್ಕೊಂಡ್ ಬತ್ತಿದ್ರು ನಿಮ್ಮನ್ನ?"

ಅವನು ಕಣ್ಣು ಬಿಟ್ಟ. ಅಷ್ಟು ಗದ್ದಲದ ನಡುವೆ ಅಷ್ಟು ಶಾಂತವಾದ ಕಣ್ಣುಗಳನ್ನು ಅವಳು ನೋಡಿರಲಿಲ್ಲ. "ಯಾಕ್ರೀ, ಏನಾಯ್ತು?"

"ರಾಹುಕಾಲ ಐತ್ರೀ! ಆರಾಗೋಗಂಟ ಮದುಮಗ ಒಳಕ್ಕೆ ಕಾಲಿಡಂಗಿಲ್ಲ. ನೀವು ಓಡಿದ್ರೆ ಊರೆಲ್ಲಾ ಓಡ್ಬೇಕಾ?"

ಅವನ ನೋಟ ಮೆಲ್ಲಗೆ ಅವಳ ಜಡೆಯ ಮೇಲೆ ಬಂತು. "ಹಂಗಾದ್ರೆ ಒಳ್ಳೇದೇ ಆಯ್ತು ಬಿಡಿ. ನಿಮ್ಮ ಜಡೆಗೂ ಟೈಮ್ ಸಿಕ್ತು."

ಸುತ್ತಲಿದ್ದವರು ನಕ್ಕರು. ಜಯಂತಿಯ ಕಿವಿ ಬಿಸಿಯಾಯಿತು.

ಬ್ಯಾಂಡಿನ ಯಜಮಾನ ಹನುಮಂತರಾಯಪ್ಪ, ಆ ಯುವಕನ ಸೋದರಮಾವ, ತಲೆ ಚಚ್ಚಿಕೊಂಡ. "ಇವ್ನಿಗೆ ಅದೇನೋ ಜಾಝ್ ಹುಚ್ಚು ಹಿಡ್ದೈತೆ ಕಣಮ್ಮಾ. ಫೋನ್ನಲ್ಲಿ ನೋಡಿ ನೋಡಿ ಕಲ್ತು, ಮದುವೆ ದಿಬ್ಬಣಾನ ರೇಸ್ ಮಾಡ್ಬುಟ್ಟ. ಏನ್ಲಾ ಮುನೀಂದ್ರ, ಮಾಡಿದ್ದುಣ್ಣೋ ಮಹರಾಯ! ಆರು ಗಂಟೆಗಂಟ ನೀನೊಬ್ನೇ ನಿಂತು ಊದು, ಜನ ಬೇಜಾರಾಗ್ಬಾರ್ದು."

ಮುನೀಂದ್ರ ತುಟಿ ಒರೆಸಿಕೊಂಡು ಕೊಳವೆಯನ್ನು ಬಾಯಿಗಿಟ್ಟ. ಈ ಸಲ ಒಂದೇ ಒಂದು ಸ್ವರ ಹೊರಟಿತು. ಕೆಳಗಿನಿಂದ ಮೆಲ್ಲನೆ ಜಾರುತ್ತಾ ಮೇಲೇರಿ, ಮೇಲೆ ಸ್ವಲ್ಪ ಹೊತ್ತು ನಡುಗಿ ನಿಂತುಹೋಯಿತು. ಆಮೇಲೆ ಅವನು ಸುಮ್ಮನಿದ್ದ. ಬೀದಿಯೂ ಸುಮ್ಮನಾಯಿತು. ಮತ್ತೆ ಅದೇ ಕೂಗು. ಜಯಂತಿಗೆ ಮೈ ಜುಮ್ಮೆಂದಿತು. ಓಕುಳಿ ಕಲಸಬೇಕು, ಜಡೆ ಹಾಕಿಕೊಳ್ಳಬೇಕು, ಎಲ್ಲ ಮರೆತು ಖಾಲಿ ತಟ್ಟೆ ಹಿಡಿದು ನಿಂತೇಬಿಟ್ಟಳು. ಯಾರೋ ತನ್ನನ್ನೇ ಕರೆದ ಹಾಗೆ ಅನ್ನಿಸಿತು ಅವಳಿಗೆ.

* * *

ಹೊಸೂರಿನ ಕಂಪನಿಯೊಂದರ ಕ್ವಾಲಿಟಿ ವಿಭಾಗದಲ್ಲಿ ಜಯಂತಿಗೆ ಕೆಲಸ. ಲೈನಿನಲ್ಲಿ ಬರುವ ಪೀಸುಗಳನ್ನು ನೋಡಿ ಪಾಸು, ರಿಜೆಕ್ಟು ಎಂದು ವಿಂಗಡಿಸಬೇಕು. ರಮಾದೇವಿಯ ಮದುವೆಯಾದ ವಾರದಲ್ಲೇ ಬೆಳಗಿನ ಬಸ್ಸಿನಲ್ಲಿ ಮುನೀಂದ್ರ ಸಿಕ್ಕಿದ. ಮದುವೆಗಳಿಲ್ಲದ ದಿನ ಹೊಸೂರಿನ ಟೈರ್ ಅಂಗಡಿಯಲ್ಲಿ ಅವನ ಕೆಲಸವಂತೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಿಟಕಿಗೆ ಒರಗಿ, ತುಟಿ ಅಲ್ಲಾಡಿಸುತ್ತಾ ಏನೋ ಮಣಮಣ ಅನ್ನುತ್ತಿದ್ದ.

"ಏನ್ ಮಂತ್ರಾರೀ ಅದು? ರಾಹುಶಾಂತೀನಾ?"

ಅವನು ನಕ್ಕ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎನ್ನುವುದನ್ನು ಅವಳು ನೋಡಿಯೂ ನೋಡದ ಹಾಗೆ ಕೂತಳು.

"ನಾಲಿಗೆ ಪಳಗಿಸ್ತಾ ಇವ್ನಿ. ಡೂ-ಡಲ್-ಡೂ-ಡಲ್ ಅಂತ. ಕೊಳಲಿಗೆ ತೂತೈತೆ, ಕೀಬೋರ್ಡಿಗೆ ಮನೆ ಐತೆ. ಟ್ರಾಂಬೋನ್‌ಗೆ ಅವ್ಯಾವೂ ಇಲ್ಲ ಕಣ್ರೀ. ಇಷ್ಟುದ್ದ ಕೊಳವೆ ಎಳೀಬೇಕು. ಸ್ವರ ಎಲ್ಲೈತೆ ಅಂತ ಒಂದು ಗುರ್ತೂ ಇರಲ್ಲ. ಕೈ, ನಾಲಿಗೆ, ಉಸಿರು ಮೂರೂ ಒಂದೇ ಕಡೆ ಸೇರ್ಬೇಕು. ಕೂದಲೆಳೆಯಷ್ಟು ತಪ್ಪಿದ್ರೂ ಅಪಸ್ವರ."

"ಹಂಗಂದ್ಮೇಲೆ ಅಷ್ಟು ಜೋರಾಗಿ ಯಾಕೆ ಓಡ್ಸೋದು?"

ಅವನು ಒಂದು ಇಯರ್‌ಫೋನ್ ತೆಗೆದು ಅವಳತ್ತ ಚಾಚಿದ. ಅದರಲ್ಲಿ ಹಾಡಿರಲಿಲ್ಲ, ಬರೀ ಟಕಟಕಟಕ ಬಡಿತ. ನಿಮಿಷಕ್ಕೆ ಮುನ್ನೂರಕ್ಕೂ ಮೇಲಂತೆ. "ಇದ್ರಲ್ಲಿ ಒಂದೊಂದು ಬಡಿತಕ್ಕೂ ಎರಡೆರಡು ಸ್ವರ ಊದ್ಬೇಕು. ಹೊಸೂರಲ್ಲಿ ಹೈವೇ ಪಕ್ಕದ ಹೋಟೆಲಲ್ಲಿ ಚಲಪತಿ ಸಾರ್ ಅಂತ ಪಿಯಾನೋ ನುಡಿಸ್ತಾರೆ, ಅವರದ್ದೊಂದು ಜಾಝ್ ಗುಂಪೈತೆ. ಟ್ರಾಂಬೋನ್‌ನೋರು ಬಿಟ್ಟೋದ್ರು. ಈ ಸ್ಪೀಡಲ್ಲಿ ಜನದ ಮುಂದೆ ನುಡಿಸಿ ತೋರ್ಸು, ಜಾಗ ನಿಂದು ಅಂದವ್ರೆ. ನಂಗೆ ಜೀವನದಾಗೆ ಬೇಕು ಅನ್ನಿಸಿರೋದು ಇದೊಂದೇ ಕಣ್ರೀ."

ಆಮೇಲೆ ಅವಳ ಮುಖ ನೋಡಿ, "ಇಲ್ಲೀಗಂಟ" ಎಂದು ಸೇರಿಸಿ, ಥಟ್ಟನೆ ಕಿಟಕಿಯಾಚೆ ತಿರುಗಿಕೊಂಡ.

ಟಕಟಕ ಎನ್ನುತ್ತಿದ್ದುದು ಇಯರ್‌ಫೋನೋ ತನ್ನ ಎದೆಯೋ ಜಯಂತಿಗೆ ತಿಳಿಯಲಿಲ್ಲ. ಅಂದಿನಿಂದ ಅವಳಿಗೆ ಆ ಬಸ್ಸು ತಪ್ಪಲೇ ಇಲ್ಲ.

* * *

ಒಂದು ರಜಾದಿನ ಮಧ್ಯಾಹ್ನ, ಅಪ್ಪ ಗೋಪಾಲಪ್ಪನ ಸ್ಕೂಟರಿನ ಟೈರು ತೋರಿಸಬೇಕೆಂಬ ನೆಪ ಹೂಡಿ ಅವಳು ಅಂಗಡಿಗೆ ಹೋದಳು. ಟೈರಿಗೆ ಏನೂ ಆಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಅಂಗಡಿಯ ಹಿಂದೆ ಹಳೇ ಟೈರುಗಳನ್ನು ಆಳೆತ್ತರ ಒಟ್ಟಿದ್ದರು. ಅವು ಸದ್ದನ್ನು ನುಂಗುವುದರಿಂದ ಅಕ್ಕಪಕ್ಕದವರ ಬೈಗುಳ ಬರುವುದಿಲ್ಲ ಎಂದು ಅವನು ಅಲ್ಲೇ ಅಭ್ಯಾಸ ಮಾಡುತ್ತಿದ್ದ. "ಕೇಳಿ ಹೇಳ್ರೀ. ನೀವು ಸುಳ್ಳು ಹೇಳೋರಲ್ಲ" ಎಂದು ಟ್ರಾಂಬೋನ್ ಎತ್ತಿಕೊಂಡ.

ಅಬ್ಬಾ! ಜಯಂತಿ ಒಂದು ಹೆಜ್ಜೆ ಹಿಂದೆ ಸರಿದಳು. ಅವನ ಬಲಗೈ ಕಾಣಲೇ ಇಲ್ಲ. ಕೈಯಿದ್ದ ಕಡೆ ಹೊಂಬಣ್ಣದ ಬೆಳಕೊಂದು ಕದಲುತ್ತಿತ್ತು. ಸ್ವರಗಳು ಒಂದರ ಬೆನ್ನಿಗೊಂದು, ಉಸಿರಿಗೂ ಎಡೆಕೊಡದೆ ಸುರಿದವು. ಮನುಷ್ಯನ ನಾಲಿಗೆಗೆ, ಮನುಷ್ಯನ ಕೈಗೆ ಇಷ್ಟೆಲ್ಲ ಸಾಧ್ಯವೇ ಎಂದು ಅವಳು ಬಾಯಿ ಬಿಟ್ಟುಕೊಂಡು ನೋಡಿದಳು. ಅವನು ನಿಲ್ಲಿಸಿದಾಗ ಅವನ ಕತ್ತಿನ ನರ ಉಬ್ಬಿ, ಅಂಗಿ ಮೈಗೆ ಅಂಟಿತ್ತು.

"ಹೆಂಗಿತ್ತು? ಪಾಸಾ, ರಿಜೆಕ್ಟಾ?"

ಪಾಸು ಎಂದು ಬಾಯಿ ತುದಿಗೆ ಬಂದಿತ್ತು. ಅಂದುಬಿಟ್ಟಿದ್ದರೆ ಅವನು ನಗುತ್ತಿದ್ದ, ಗುಳಿ ಬೀಳುತ್ತಿತ್ತು. ಆದರೆ ಆ ಜಾಗಕ್ಕಾಗಿ ಅವನು ಹಗಲಿರುಳು ಒದ್ದಾಡುವುದು ಗೊತ್ತಿದ್ದೂ ಸುಳ್ಳು ಹೇಳಲು ಅವಳಿಂದಾಗಲಿಲ್ಲ.

"ನೋಡಿ ಬೆರಗಾಗೋದೆ ಮುನೀಂದ್ರ. ಇಂಥದ್ದು ಯಾವತ್ತೂ ನೋಡಿಲ್ಲ. ಆದ್ರೆ..."

"ಆದ್ರೆ?"

"ಕೇಳಿದ್ದು ಒಂದೂ ನೆನಪಿಲ್ಲ."

ಅವನ ಮುಖ ಕಪ್ಪಿಟ್ಟಿತು. "ಅವ್ರು ಕೇಳಿರೋದೇ ಈ ಸ್ಪೀಡು ಕಣ್ರೀ. ಬರೋ ಶನಿವಾರ ಸಂಜೆ ಜನದ ಮುಂದೆ ನುಡಿಸ್ಬೇಕು."

"ಸ್ಪೀಡು ಬ್ಯಾಡ ಅಂದ್ನಾ ನಾನು? ಅವತ್ತು ರಾಹುಕಾಲದಾಗೆ ಊದಿದ್ರಲ್ಲ, ಏನದು?"

"ಅದಾ? ನಮ್ಮಜ್ಜಿ ಕೊಂಡಮ್ಮ ಕೂಗ್ತಿದ್ದಿದ್ದು. ಅಂಚೆಟ್ಟಿ ಕಡೆ ಈ ಗುಡ್ಡದಿಂದ ಆ ಗುಡ್ಡಕ್ಕೆ ಹಂಗೇ ಕೂಗಿ ಕರೆಯೋರು. ಕೂಗ್ಬುಟ್ಟು ಕಾಯ್ಬೇಕು, ಆ ಕಡೆಯಿಂದ ಓ ಅನ್ನೋಗಂಟ."

"ಅದ್ರಾಗೆ ನೀವಿದ್ರಿ. ಇದ್ರಾಗೆ ನಿಮ್ಮ ಕೈ ಮಾತ್ರ ಐತೆ. ನೀವು ಊದ್ತಾನೇ ಹೋದ್ರೆ ಓ ಅನ್ನೋಕೆ ನಂಗೆ ಜಾಗ ಎಲ್ಲೈತೆ?"

ಅವನು ಟ್ರಾಂಬೋನನ್ನು ಎರಡು ಭಾಗವಾಗಿ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ. ಮರುದಿನ ಬಸ್ಸಿನಲ್ಲಿ ಅವನಿರಲಿಲ್ಲ, ಅದರ ಮರುದಿನವೂ ಇಲ್ಲ. ಕಂಪನಿಯಲ್ಲಿ ಜಯಂತಿ ಒಳ್ಳೇ ಪೀಸುಗಳನ್ನೆಲ್ಲ ರಿಜೆಕ್ಟ್ ಮಾಡಿ ಸೂಪರ್‌ವೈಸರಿಂದ ಬೈಸಿಕೊಂಡಳು. ಈ ಹಾಳು ಬಾಯಿಯನ್ನು ಮುಚ್ಚಿಕೊಂಡಿರಬಾರದಿತ್ತೇ ಎಂದು ತನ್ನನ್ನೇ ಶಪಿಸಿಕೊಂಡಳು. ಅವನ ಕೈ ಸೋತರೆ ತನ್ನ ಮಾತಿನಿಂದಲೇ ಸೋತಂತೆ.

* * *

ಶನಿವಾರ ಸಂಜೆ, ತವರಿಗೆ ಬಂದಿದ್ದ ರಮಾದೇವಿಯನ್ನು ಕಾಡಿ ಬೇಡಿ ಜೊತೆ ಮಾಡಿಕೊಂಡು ಅವಳು ಆ ಹೋಟೆಲಿಗೆ ಹೋದಳು. ಒಳಗೆ ಕಾರ್ಖಾನೆಯ ಇಂಜಿನಿಯರುಗಳು, ಬೆಂಗಳೂರಿನಿಂದ ಬಂದ ನಾಲ್ಕಾರು ಜನ. ಅಕ್ಕತಂಗಿಯರು ಹಿಂದಿನ ಮೂಲೆಯಲ್ಲಿ ಕಾಫಿ ತರಿಸಿಕೊಂಡು ಕೂತರು. ಕಾಫಿ ಆರಿಹೋಯಿತು.

ನರೆಗಡ್ಡದ ಚಲಪತಿ ಪಿಯಾನೋ ಮುಂದೆ ಕೂತು ತಲೆ ಆಡಿಸಿದ್ದೇ ತಡ, ಡ್ರಮ್ಮು, ಬಾಸ್ ಗಿಟಾರು ಎಲ್ಲ ಒಟ್ಟಿಗೆ ಧಾವಿಸಿದವು. ಅದೇ ವೇಗ. ಮದುವೆಗೆ ಹಾಕಿದ್ದ ಅಂಗಿಯಲ್ಲೇ ನಿಂತಿದ್ದ ಮುನೀಂದ್ರ ಅದರೊಳಕ್ಕೆ ಧುಮುಕಿದ. ಸ್ಲೈಡು ಮಾಯವಾಯಿತು. ಸಭೆಯೇ ಉಸಿರು ಹಿಡಿಯಿತು.

ನಡುವೆ ಅವನು ಥಟ್ಟನೆ ನಿಂತ.

ಡ್ರಮ್ಮು ಓಡುತ್ತಲೇ ಇದೆ, ಬಾಸು ಓಡುತ್ತಲೇ ಇದೆ, ಇವನು ಮಾತ್ರ ಕೊಳವೆ ತಗ್ಗಿಸಿ ನಿಂತಿದ್ದಾನೆ. ಮರೆತುಬಿಟ್ಟನೇ? ಜಯಂತಿ ರಮಾದೇವಿಯ ಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಳು.

ಆಗ ಬಂತು ಆ ಕೂಗು. ಕೆಳಗಿನಿಂದ ಜಾರುತ್ತಾ ಮೇಲೇರಿ, ಆ ಭಯಂಕರ ಓಟದ ಮೇಲೆ ಒಂದೇ ಒಂದು ಸ್ವರ, ಏನೂ ಅವಸರವಿಲ್ಲದೆ ನಿಂತಿತು. ಅವನು ಕಾದ. ಚಲಪತಿ ತಲೆಯೆತ್ತಿ ನೋಡಿ, ಮುಗುಳ್ನಕ್ಕು, ಪಿಯಾನೋದಲ್ಲಿ ಓಗೊಟ್ಟರು. ಮತ್ತೆ ಕೂಗು, ಮತ್ತೆ ಓಗೊಡುವಿಕೆ. ಅಲ್ಲಿಂದ ಮುನೀಂದ್ರ ಮತ್ತೆ ಹಾರಿದ. ಮೊದಲಿಗಿಂತ ವೇಗ! ಆದರೆ ಈಗ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ಪ್ರಶ್ನೆ ಕೇಳಿತು, ತಡೆಯಿತು, ರೇಗಿಸಿತು, ನಕ್ಕಿತು. ಅಷ್ಟು ವೇಗದಲ್ಲಿ ಅಷ್ಟು ನಿಧಾನ ಎಲ್ಲಿತ್ತೋ ಆ ದೇವರೇ ಬಲ್ಲ! ಜಯಂತಿಗೆ ಅಳು ಬಂತು. ತಾನು ನೋಡುತ್ತಿರುವುದು ಬಸ್ಸಿನ ಕಿಟಕಿಗೆ ಒರಗಿ ಮಣಮಣ ಅನ್ನುತ್ತಿದ್ದ ಅದೇ ಹುಡುಗನೇ ಎಂದು ನಂಬಲಾಗಲಿಲ್ಲ.

ಚಪ್ಪಾಳೆ ನಿಂತ ಮೇಲೆ ಚಲಪತಿ, "ಮುಂದಿನ ಶನಿವಾರ ಬಂದ್ಬಿಡಪ್ಪಾ" ಎಂದಷ್ಟೇ ಹೇಳಿದರು. ಮುನೀಂದ್ರ ಅವರಿಗೆ ಕೈಮುಗಿದು, ಜನರ ನಡುವೆ ದಾರಿ ಮಾಡಿಕೊಂಡು ನೇರ ಮೂಲೆಗೆ ಬಂದ.

"ಬರಲ್ಲ ಅನ್ಕೊಂಡಿದ್ದೆ. ಈಗ ಹೇಳ್ರೀ, ಪಾಸಾ, ರಿಜೆಕ್ಟಾ?"

ಜಯಂತಿ ಕಣ್ಣೊರೆಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ, "ಬಸ್ ಹೋಗ್ಬುಡ್ತದೆ ಬಾರೇ!" ಎಂದು ರಮಾದೇವಿ ಅವಳನ್ನು ಎಳೆದುಕೊಂಡೇ ಹೋದಳು.

* * *

ಮರುದಿನ ಭಾನುವಾರ. ಐದು ಗಂಟೆಗೆ ಗೋಪಾಲಪ್ಪನ ಮನೆ ಮುಂದೆ ಆಟೋ ನಿಂತಿತು. ಇಳಿದದ್ದು ಹನುಮಂತರಾಯಪ್ಪ, ಕೈಯಲ್ಲಿ ಹಣ್ಣು, ಹೂವು, ಎಲೆಅಡಿಕೆ. ಅವನ ಹಿಂದೆ ಮುನೀಂದ್ರ. ಸುತ್ತಿ ಬಳಸಿ ನೋಡಿದರೆ ಎರಡೂ ಮನೆಯವರು ದೂರದ ನೆಂಟರೇ. ಹೆಣ್ಣು ಕೇಳಲು ಬಂದಿದ್ದರು.

ಕನಕಮ್ಮ ಹೊಸಿಲಲ್ಲೇ ನಿಂತು ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. "ಮತ್ತೆ ರಾಹುಕಾಲದಾಗೇ ಬಂದ್ರಾ?"

"ಏನ್ ಮಾಡ್ಲಿ ತಾಯಿ, ಆರಾಗ್ಲಿ ತಡ್ಕೊಳ್ಲಾ ಅಂದ್ರೆ ಕೇಳಿದ್ರೆ ತಾನೆ ಇವ್ನು? ಆತುರಗಾರನಿಗೆ ಬುದ್ಧಿ ಮಟ್ಟ."

"ಜಗಲಿ ಮೇಲೆ ಕೂತಿರಿ. ಕಾಫಿ ತತ್ತೀನಿ. ಆರಾಗೋಗಂಟ ಒಳ್ಳೇ ಮಾತು ಯಾರೂ ಎತ್ತಂಗಿಲ್ಲ."

ಗೋಪಾಲಪ್ಪನೂ ಹನುಮಂತರಾಯಪ್ಪನೂ ಈ ಸಲದ ಮಾವಿನ ಹೂವಿನ ಬಗ್ಗೆ ಮಾತಾಡತೊಡಗಿದರು. ಟ್ರಾಂಬೋನಿಲ್ಲದ ಮುನೀಂದ್ರನಿಗೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಕಿಟಕಿಯ ಹಿಂದೆ ನಿಂತು ಜಯಂತಿ ಅದನ್ನೆಲ್ಲ ನೋಡುತ್ತಿದ್ದಳು. ಗೋಡೆಯ ಗಡಿಯಾರ ನೋಡಿದಳು. ಅದರ ಮುಳ್ಳು ಕದಲುತ್ತಲೇ ಇಲ್ಲ. ಜಡೆ ಹಾಕಿಕೊಳ್ಳಲು ಕೂತು, ಅರ್ಧಕ್ಕೇ ಬಿಟ್ಟು ಮತ್ತೆ ಕಿಟಕಿಗೆ ಬಂದಳು.

ಆಗ ಅವನು ತಲೆ ತಗ್ಗಿಸಿಕೊಂಡು, ಕಿಟಕಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, ಬಾಯಲ್ಲೇ ಆ ಕೂಗು ಹಾಕಿದ. ಅಜ್ಜಿಯ ಕೂಗು. ಆಮೇಲೆ ಕಾಯುತ್ತಾ ಕೂತ.

ಜಯಂತಿಗೆ ಇನ್ನು ತಡೆಯಲಾಗಲಿಲ್ಲ. ಕೈಯಲ್ಲಿ ಬಿಚ್ಚಿದ ಜಡೆ ಹಿಡಿದುಕೊಂಡೇ ಹೊಸಿಲು ದಾಟಿ ಓಡಿ ಬಂದಳು.

"ಓ!" ಎಂದಳು. "ಪಾಸು ಕಣೋ. ನೆನ್ನೇನೇ ಪಾಸು. ನಂಗೂ ನೀನೇ ಬೇಕು."

"ಅಯ್ಯೋ ನಿನ್ನ, ಇನ್ನೂ ಆರಾಗಿಲ್ಲ ಕಣೇ!" ಎಂದು ಒಳಗಿನಿಂದ ಕನಕಮ್ಮ ಕೂಗಿದಳು. ಗೋಪಾಲಪ್ಪನ ಕೈಯಲ್ಲಿದ್ದ ಕಾಫಿ ಪಂಚೆಯ ಮೇಲೆ ಚೆಲ್ಲಿತು.

ಮುನೀಂದ್ರ ಎದ್ದು ನಿಂತ. ಅವಳ ಅರ್ಧ ಜಡೆ ನೋಡಿದ, ಏರಿಳಿಯುತ್ತಿದ್ದ ಉಸಿರು ನೋಡಿದ. ಎಡಗೆನ್ನೆಯಲ್ಲಿ ಗುಳಿ ಬಿತ್ತು.

"ಏನ್ರೀ," ಎಂದ, "ಯಾರ್ ಅಟ್ಟಿಸ್ಕೊಂಡ್ ಬತ್ತಿದ್ರು ನಿಮ್ಮನ್ನ?"