ಬಲಗಿವಿಗೆ ಪಟ್ಟಿ ಕಟ್ಟಿಕೊಂಡವನು

ಯಾರೋ ಅವಳ ತೋಳು ಹಿಡಿದು ಹಿಂದಕ್ಕೆ ಎಳೆದರು!

ಎಳೆದ ರಭಸಕ್ಕೆ ಕಲ್ಯಾಣಿಯ ಕೈಯಲ್ಲಿದ್ದ ಸ್ವೀಟಿನ ಡಬ್ಬಿ ನೆಲಕ್ಕೆ ಬಿತ್ತು. ಅವಳು ನಿಂತಿದ್ದ ಜಾಗಕ್ಕೇ ಸಿಂಧನೂರು ಬಸ್ಸು ಹಿಮ್ಮುಖವಾಗಿ ಬಂದು ನಿಂತಿತು. ರಾಯಚೂರು ಬಸ್ ನಿಲ್ದಾಣದ ಅಷ್ಟೂ ಜನ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು ಅವಳಿಗೆ.

"ಎಷ್ಟ್ ಸಲ ಒದರಬೇಕ್ರಿ? ಕಿವಿ ಕೇಳಂಗಿಲ್ಲೇನು?"

ಎದುರಿಗಿದ್ದವನು ಏದುಸಿರು ಬಿಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು. ಆದರೆ ಅವಳಿಗೆ ಅದು ಕಾಣಲಿಲ್ಲ. ಆ ಒಂದು ಮಾತು ಮಾತ್ರ ಎದೆಗೆ ನಾಟಿತು.

"ಕೇಳ್ತದ! ಕೈ ಬಿಡ್ರಿ ಮೊದ್ಲ!"

"ಜೀವಾ ಉಳಿಸಿದವಂಗ ಇದು ಬಹುಮಾನ ಏನ್ರಿ?"

ಅವಳು ಡಬ್ಬಿ ಎತ್ತಿಕೊಂಡು ದೇವದುರ್ಗದ ಬಸ್ಸು ಹತ್ತಿಬಿಟ್ಟಳು.

ಬಸ್ಸು ಬಂದದ್ದು ಬಲಗಡೆಯಿಂದ. ಕಲ್ಯಾಣಿಯ ಬಲಗಿವಿ ಕೇಳುವುದಿಲ್ಲ. ಸಣ್ಣವಳಿದ್ದಾಗ ಬಂದ ಮಂಗನಬಾವು ಹೋಗುವಾಗ ಆ ಕಿವಿಯನ್ನೂ ಕೊಂಡೊಯ್ದಿತ್ತು. ಊರಿನಲ್ಲಿ ಅದು ಗೊತ್ತಿದ್ದದ್ದು ತಾಯಿ ಗೋಪಮ್ಮನಿಗೆ ಮಾತ್ರ. ಅವಳು ಪಾಠ ಮಾಡುವ ಶಾಲೆಯಲ್ಲೂ ಯಾರಿಗೂ ತಿಳಿದಿರಲಿಲ್ಲ.

ಅಂದು ಮಧ್ಯಾಹ್ನ ಗಂಡಿನ ಕಡೆಯವರು ಬರುವವರಿದ್ದರು. ಸ್ವೀಟು ಅವರಿಗಾಗಿಯೇ ತಂದದ್ದು. ಚಹಾದ ತಟ್ಟೆ ಹಿಡಿದು ಹೊರಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

ಅವನೇ! ಬಸ್ ನಿಲ್ದಾಣದವನು!

"ಇವರನ್ನ ಬೆಳಿಗ್ಗೆನ ನೋಡೀನಿ ಮಾಮಾ," ಎಂದ ಪಂಪಾಪತಿ, ನಗು ತಡೆಯಲಾಗದೆ. "ನೋಡೋದೇನು, ಬೈದು ಬಂದೀನಿ."

"ಭೇಷ್! ಮದುವಿಗೆ ಮೊದ್ಲ ಜಗಳಾ ಮುಗಿಸ್ಕೊಂಡಿ ಅಂದಂಗಾತು," ಎಂದು ಅವನ ಸೋದರಮಾವ ತಾಯಣ್ಣ ನಕ್ಕ. "ಆಕಿ ತಿರುಗಿ ಬೈದಿಲ್ಲಲಾ? ಮಾತು ಕಮ್ಮಿ ಇರೋ ಹುಡುಗಿನ ಬೇಕು ನಮಗ!"

"ಯಾಕ ಬೈದ್ರಿ?" ಗೋಪಮ್ಮ ಥಟ್ಟನೆ ಕೇಳಿದಳು.

"ಬಸ್ಸು ಹಿಂದ ಬರಾಕತ್ತಿತ್ರಿ. ಒದರಿದ್ರೂ ಸರೀಲಿಲ್ಲ."

"ಊರು ಬಿಟ್ಟು ಹೋದ್ರ ಗಾಬರಿ ಆಗ್ತಾಳ್ರಿ ನನ್ನ ಮಗಳು. ಮತ್ತೇನಿಲ್ಲ," ಎಂದಳು ಗೋಪಮ್ಮ ಅವಸರದಿಂದ.

ಹೇಳಿಬಿಡಲೇ? ಈಗಲೇ, ಎಲ್ಲರ ಮುಂದೆ?

ಹಿಂದೆ ದೂರದೂರಿನಿಂದ ಬಂದ ಸಂಬಂಧದವರಿಗೆ ತಾನೇ ಹೇಳಿದ್ದಳು. ಅವರು ಚಹಾ ಕೂಡ ಮುಗಿಸದೆ ಎದ್ದು ಹೋಗಿದ್ದರು. ತಾಯಿಯ ಕಣ್ಣು ಬೇಡಿಕೊಳ್ಳುತ್ತಿತ್ತು. ಕಲ್ಯಾಣಿ ತಲೆ ತಗ್ಗಿಸಿದಳು. ಅವಳ ಮೌನವನ್ನು ಎಲ್ಲರೂ ನಾಚಿಕೆ ಅಂದುಕೊಂಡರು.

ಹೂ ಮುಡಿಸುವ ಶಾಸ್ತ್ರವೂ ಆಯಿತು.

ಪಂಪಾಪತಿ ಮಾನ್ವಿಯಲ್ಲಿ ಸರ್ವೇಯರ್. ದಿನವಿಡೀ ಹೊಲ ಅಳೆದು ಬಂದು ಸಂಜೆ ಫೋನ್ ಮಾಡುತ್ತಿದ್ದ. ಒಮ್ಮೆ ನಿಮಗೇನು ಇಷ್ಟ ಎಂದು ಕೇಳಿದ. "ಗದ್ದಲ ಇಲ್ಲದ ಕಡಿ ಕೂತು ಕೈಲೆ ಏನರ ಮಾಡೋದು," ಎಂದಿದ್ದಳು. ಮುಂದಿನ ಭಾನುವಾರ ಅವನು ದೇವದುರ್ಗಕ್ಕೆ ಬಂದಾಗ ಕೈಯಲ್ಲೊಂದು ಬಟ್ಟೆಚೀಲ. ಒಳಗೆ ರಾಶಿ ರಾಶಿ ಬಣ್ಣದ ರಟ್ಟಿನ ತುಂಡುಗಳು.

"ಜಿಗ್ಸಾ ಪಜಲ್ರಿ. ರಾಯಚೂರಿನ ತೀನ್ ಕಂದೀಲ್ ಹತ್ರ ಒಂದು ಅಂಗಡ್ಯಾಗ ಸಿಕ್ತು."

"ಏನ್ ಚಿತ್ರ ಇದು?"

ಅವನು ಹುಬ್ಬು ಹಾರಿಸಿ ನಕ್ಕ. "ನೀವ ಕೂಡಿಸಿ ನೋಡ್ರಿ. ಆಮ್ಯಾಲ ನನಗ ಹೇಳ್ರಿ."

ಅಂದಿನಿಂದ ಶಾಲೆ ಮುಗಿಸಿ ಬಂದವಳೇ ಮಂಚದ ಕೆಳಗಿನ ಪ್ಲೈವುಡ್ ಹಲಗೆಯನ್ನು ಹೊರಗೆಳೆಯುತ್ತಿದ್ದಳು. ಮೊದಲು ಅಂಚು ಕೂಡಿತು. ಆಮೇಲೆ ಹಸಿರು ಕೋಟು, ತುಪ್ಪಳದ ಟೊಪ್ಪಿಗೆ. ತುಂಡಿಗೆ ತುಂಡು ಕೂತಾಗಲೆಲ್ಲ ಅವಳೊಳಗೂ ಏನೋ ಕೂಡಿಕೊಳ್ಳುತ್ತಿತ್ತು. ಅವನು ಆರಿಸಿ ತಂದದ್ದು... ನನಗೆಂದೇ ತಂದದ್ದು...

ಒಂದು ಸಂಜೆ ಕಣ್ಣುಗಳು ಕೂಡಿದವು. ಯಾರನ್ನೂ ಪೂರ್ತಿ ನಂಬದ, ಸದಾ ಎಚ್ಚರವಾಗಿರುವ ಕಣ್ಣುಗಳು. ಇವನನ್ನು ನಾನು ಬಲ್ಲೆ ಅನ್ನಿಸಿತು ಅವಳಿಗೆ.

ಉಳಿದದ್ದು ಬಿಳಿಯ ತುಂಡುಗಳು. ಕೊರಳ ವಸ್ತ್ರವಿರಬೇಕು ಅಂದುಕೊಂಡಿದ್ದಳು. ಗದ್ದದಿಂದ ಮೇಲಕ್ಕೆ ಒಂದೊಂದಾಗಿ ಜೋಡಿಸುತ್ತಾ ಹೋದಂತೆ ಅವಳ ಕೈ ನಿಧಾನವಾಯಿತು.

ಅದು ಪಟ್ಟಿ. ಗಾಯಕ್ಕೆ ಕಟ್ಟುವ ಪಟ್ಟಿ. ಬಲಗಿವಿಯ ಮೇಲೆ!

"ಅಯ್ಯ, ಇವ ವ್ಯಾನ್ ಗೋ ಅಲ್ಲೇನ!" ಎಂದಳು ಮನೆಗೆ ಬಂದಿದ್ದ ಸ್ವಪ್ನಾ. ಅದೇ ಶಾಲೆಯ ಡ್ರಾಯಿಂಗ್ ಟೀಚರು ಅವಳು. "ತನ್ನ ಕಿವಿ ತಾನ ಕೊಯ್ಕೊಂಡು, ಆಮ್ಯಾಲ ಕನ್ನಡಿ ನೋಡಿ ತನ್ನ ಚಿತ್ರಾ ತಾನ ಬರಕೊಂಡಾನ. ಭಾರಿ ಗಿಫ್ಟ್ ತಂದಾನ ನೋಡು ನಿನ್ನ ಹುಡುಗ!"

ಸ್ವಪ್ನಾ ನಗುತ್ತಿದ್ದಳು. ಕಲ್ಯಾಣಿಗೆ ಆ ನಗು ಕೇಳಿಸುತ್ತಲೇ ಇರಲಿಲ್ಲ.

ಕಿವಿ ಕೇಳಂಗಿಲ್ಲೇನು ಎಂದು ಒದರಿದ್ದ ಮೊದಲ ದಿನ... ಹುಬ್ಬು ಹಾರಿಸಿ ನಕ್ಕಿದ್ದ ಆ ಭಾನುವಾರ... ಅವನಿಗೆ ಎಲ್ಲಾ ಗೊತ್ತು! ಗೊತ್ತಿದ್ದೂ ಬಾಯಿಬಿಟ್ಟು ಕೇಳದೆ, ಹೀಗೆ ತುಂಡು ತುಂಡಾಗಿ ನನ್ನ ಕೈಯಿಂದಲೇ ಜೋಡಿಸಿ ಅಣಕಿಸಿದ!

ಮರುದಿನ ರಜೆ ಹಾಕಿ ಮಾನ್ವಿಗೆ ಹೋದಳು. ಕಚೇರಿಯ ಮುಂದಿನ ಚಹಾದಂಗಡಿಯಲ್ಲಿ ಪಂಪಾಪತಿ ನಾಲ್ಕು ಜನರ ನಡುವೆ ನಿಂತಿದ್ದ. ಪಕ್ಕದಲ್ಲಿ ತಾಯಣ್ಣ.

"ಅರೆ! ನೀವು? ಹೇಳಿದ್ರ ಸ್ಟ್ಯಾಂಡಿಗೆ ಬರ್ತಿದ್ದೆನಲ್ರಿ..."

ಅವಳು ಮೊಬೈಲನ್ನು ಅವನ ಮುಖದ ಮುಂದೆ ಹಿಡಿದಳು. ಪರದೆಯ ಮೇಲೆ ಕೂಡಿಸಿದ ಚಿತ್ರ.

"ಇದನ್ನ ನೋಡಿ ಎಷ್ಟು ನಕ್ರಿ? ನನಗ ಒಂದು ಕಿವಿ ಕೇಳಂಗಿಲ್ಲಂತ ಇದನ್ನ ಹುಡಿಕಿ ತಂದ್ರೇನು? ನೇರ ಕೇಳಾಕ ಧೈರ್ಯ ಇರಲಿಲ್ಲೇನು ನಿಮಗ?"

ಚಹಾ ಸೋಸುತ್ತಿದ್ದವನ ಕೈ ನಿಂತಿತು.

ಪಂಪಾಪತಿ ಚಿತ್ರ ನೋಡಿದ. ಅವಳನ್ನು ನೋಡಿದ. "ಆ ಡಬ್ಬಿಗೆ ಚಿತ್ರ ಇರೋ ಮುಚ್ಚಳಾನ ಇರಲಿಲ್ರಿ. ಅಂಗಡಿಯಾಕಿ ತುಂಡಷ್ಟ ಚೀಲದಾಗ ಸುರುವಿ ಕೊಟ್ಟಳು. ಏನ್ ಚಿತ್ರ ಬರ್ತದಂತ ನನಗೂ ಗೊತ್ತಿರಲಿಲ್ಲ. ಅದಕ್ಕ ಕೂಡಿಸಿ ಹೇಳ್ರಿ ಅಂದಿದ್ದೆ." ಆಮೇಲೆ ತೀರಾ ಮೆಲ್ಲಗೆ ಕೇಳಿದ. "ಅಂದ್ರ... ನಿಮಗ ಕಿವಿ ಕೇಳಂಗಿಲ್ಲೇನು?"

ಅವನಿಗೆ ಗೊತ್ತಿರಲಿಲ್ಲ! ಇಷ್ಟು ವರ್ಷ ಜತನ ಮಾಡಿದ ಗುಟ್ಟನ್ನು ಕಲ್ಯಾಣಿ ತಾನೇ ಬಂದು, ನಡುರಸ್ತೆಯಲ್ಲಿ ಬಿಚ್ಚಿಟ್ಟಿದ್ದಳು.

"ಸಂಬಂಧ ಮಾಡೋ ಮುಂದ ನಿಮ್ಮವ್ವ ಇದನ್ನ ಹೇಳಲಿಲ್ಲಲಾ?" ತಾಯಣ್ಣನ ದನಿ ಏರಿತು. "ಕಿವುಡಿನ್ನ ನಮ್ಮ ಕೊಳ್ಳಿಗೆ ಕಟ್ಟಾಕ ನಿಂತಿದ್ರೇನು?"

ಪಂಪಾಪತಿ ಏನಾದರೂ ಹೇಳಬಹುದು ಎಂದು ಅವಳು ಕಾದಳು. ಅವನು ಹೇಳಲಿಲ್ಲ.

ಆ ವಾರವೇ ಸಂಬಂಧ ಮುರಿಯಿತು. ಮಂಗನಬಾವಿನ ಕಥೆಯನ್ನು ಗೋಪಮ್ಮ ಅತ್ತು ಅತ್ತು ಹೇಳಿಕೊಂಡರೂ ಹಿರಿಯರು ಕೇಳಲಿಲ್ಲ. "ನಿನ್ನ ಬಾಯಿಗೆ ಬೀಗ ಹಾಕ್ಬೇಕಿತ್ತು ನಾನು," ಎಂದು ತಾಯಿ ಗೋಡೆಗೆ ಮುಖ ಮಾಡಿ ಮಲಗಿದಳು. ಅವನ ಫೋನೂ ಬರಲಿಲ್ಲ.

ಶಾಸ್ತ್ರಕ್ಕೆ ಉಡಿಸಿದ್ದ ಸೀರೆಯನ್ನು ತಿರುಗಿ ಕೊಡಬೇಕಿತ್ತು. ಹಿರಿಯರ ಕೈಯಲ್ಲಿ ಕಳಿಸುವುದು ಪದ್ಧತಿ. ಕಲ್ಯಾಣಿ ತಾನೇ ಹೊರಟಳು.

ಪಂಪಾಪತಿಯ ಊರು ಕಲ್ಮಲದಲ್ಲಿ, ಮನೆಯ ಕಟ್ಟೆಯ ಮೇಲೆ ಅವನ ತಂದೆ ಹಂಪಯ್ಯ ಕೂತಿದ್ದ. ಅವಳು ಸೀರೆಯನ್ನು ಅವನ ಮುಂದಿಟ್ಟಳು.

"ನನಗ ಬಲಗಿವಿ ಕೇಳಂಗಿಲ್ರಿ. ಎಡಗಿವಿ ಚಲೋ ಕೇಳ್ತದ. ಇದನ್ನ ಮೊದಲ ದಿನನ ನನ್ನ ಬಾಯಿಲೆ ಹೇಳ್ಬೇಕಿತ್ತು. ಹೇಳಲಿಲ್ಲ. ನಮ್ಮವ್ವನ್ನ ಬೈಬ್ಯಾಡ್ರಿ, ನನ್ನ ಬೈರಿ."

ಹಂಪಯ್ಯ ಸೀರೆಯ ಮಡಿಕೆಯ ಮೇಲೆ ಕೈಯಾಡಿಸಿದ. "ಕಿವಿ ಮಾತಲ್ಲವಾ. ಜೀವಮಾನ ಪೂರ್ತಿ ದೊಡ್ಡ ಮಂದಿ ನಮಗ ಸುಳ್ಳು ಹೇಳ್ಯಾರ. ನಮ್ಮಂಥವರೂ ನಮಗ ಸುಳ್ಳು ಹೇಳಿದ್ರಲಾ, ಅದು ನೋಯಾಕತ್ತದ." ಸೀರೆಯನ್ನು ಒಳಗೂ ಒಯ್ಯಲಿಲ್ಲ, ಅವಳ ಕಡೆ ತಳ್ಳಲೂ ಇಲ್ಲ. "ಬಿಸಲಾಗ ಬಂದಿ. ನೀರು ಕುಡದು ಹೋಗು."

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಪಂಪಾಪತಿ ಅವಳ ಜೊತೆ ಬಸ್ ಸ್ಟಾಪಿನ ತನಕ ಬಂದ. ಸೊರಗಿದ್ದ. ನೆರಳಿನಲ್ಲಿ ಇಬ್ಬರೇ ನಿಂತರು.

"ನಾನು ಅಂಥಾ ಮನಷ್ಯಾ ಅಂತ ಹೆಂಗ ತಿಳ್ಕೊಂಡ್ರಿ?"

"ಅಲ್ಲೀತನಕ ಸಿಕ್ಕವರೆಲ್ಲಾ ಅಂಥವರ ಇದ್ರು." ಅವಳ ದನಿ ಒಡೆಯಿತು. "ಅವತ್ತು ನಿಮ್ಮ ಮಾಮಾ ಕಿವುಡಿ ಅಂದಾಗ ನೀವ್ಯಾಕ ಸುಮ್ಮನಿದ್ರಿ?"

ಅವನು ತಲೆ ತಗ್ಗಿಸಿದ. "ಅಂಜಿದ್ದೆ. ಇನ್ನೊಂದು ಹೇಳ್ತೀನಿ, ಸಿಟ್ಟಾದ್ರೂ ಆಗ್ರಿ. ಡಾಕ್ಟರ್ ಹತ್ರ ಹೋಗಿದ್ದೆ. ಹುಟ್ಟೋ ಮಕ್ಕಳಿಗೂ ಹಿಂಗ ಆಗ್ತದೇನಂತ ಕೇಳ್ದೆ. ಮಂಗನಬಾವಿಂದ ಆಗಿದ್ದು ಮಕ್ಕಳಿಗೆ ಬರಂಗಿಲ್ಲ ಅಂದ್ರು."

ಕಲ್ಯಾಣಿಯ ಕಣ್ಣು ತುಂಬಿತು. ಅವಮಾನವೋ, ಸಿಟ್ಟೋ... ಅವಳಿಗೇ ತಿಳಿಯಲಿಲ್ಲ.

"ಬರ್ತದ ಅಂದಿದ್ರ ಏನ್ ಮಾಡ್ತಿದ್ರಿ?"

ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಹಾದುಹೋಗಿ, ಅದು ಎಬ್ಬಿಸಿದ ಧೂಳು ಪೂರ್ತಿ ಇಳಿಯಿತು.

"ಗೊತ್ತಿಲ್ರಿ," ಎಂದ ಕೊನೆಗೆ. "ಆದ್ರೂ ನಿಮ್ಮನ್ನ ಮಾಡ್ಕೊಂತಿದ್ದೆ ಅಂತ ಹೇಳಿದ್ರ ನಿಮಗ ಖುಷಿ ಆಗ್ತಿತ್ತು. ಆದ್ರ ಖರೇನ ನನಗ ಗೊತ್ತಿಲ್ಲ. ಇಷ್ಟು ಮಾತ್ರ ಗೊತ್ತದ... ನಿಮ್ಮ ಕೂಡ ಮಾತಾಡದ ಒಂದು ಸಂಜಿನೂ ನನಗ ಸಂಜಿ ಅನಿಸಿಲ್ಲ. ನಿಮ್ಮ ಮ್ಯಾಲ ಜೀವ ಅದ ಕಲ್ಯಾಣಿ."

ಅವಳು ಮೊದಲ ಬಾರಿಗೆ ಅವನ ಮುಖವನ್ನು ನೇರವಾಗಿ ನೋಡಿದಳು. ಸಿಹಿ ಸುಳ್ಳೊಂದನ್ನು ಹೇಳಿ ಗೆಲ್ಲಬಹುದಿತ್ತು ಅವನು. ಹೇಳಲಿಲ್ಲ. ಆ ಕಹಿಯಾದ 'ಗೊತ್ತಿಲ್ರಿ'ಯ ಮೇಲೆ ಕಾಲೂರಿ ನಿಲ್ಲಬಹುದು ಅನ್ನಿಸಿತು ಅವಳಿಗೆ.

"ಮನಸು ಇನ್ನೂ ನೋಯಾಕತ್ತದ್ರಿ," ಎಂದಳು ಕಣ್ಣೊರೆಸಿಕೊಳ್ಳುತ್ತಾ.

"ನನಗೂ."

"ನೋವು ಹೋಗೋತನಕ ಮದುವಿ ಮಾತು ಬ್ಯಾಡ."

"ಹೋಗಲಿಲ್ಲಂದ್ರ?"

ಅವಳ ತುಟಿಯಂಚಿನಲ್ಲಿ ನಗು ಬಂದೂ ಬಾರದಂತಿತ್ತು.

"ಹೋಗಲಿಲ್ಲಂದ್ರ... ಮದುವಿ ಆಗಿ ಇಬ್ರೂ ಕೂಡಿ ನೋಯೋಣು."