ಹುತ್ರಿದುರ್ಗದ ಇಳಿಜಾರಿನಲ್ಲಿ ದೋಣಿ

ಹೊಚ್ಚಹೊಸ ಮೋಟಾರು ದೋಣಿ ಹುಣಸೆಮರಕ್ಕೆ ಒರಗಿ ಮಲಗಿತ್ತು. ಸುತ್ತ ಒಂದು ಹನಿ ನೀರಿಲ್ಲ. ಹುತ್ರಿದುರ್ಗದ ಇಳಿಜಾರು, ಎರಡನೇ ತಿರುವು. ದೋಣಿ ಹೊತ್ತು ತಂದ ಟ್ರೇಲರು ಚರಂಡಿಗೆ ಅಡ್ಡ ಬಿದ್ದಿತ್ತು. ಅದನ್ನು ಎಳೆಯುತ್ತಿದ್ದ ಜೀಪು ಬಂಡೆಗೆ ಮೂತಿ ಜಜ್ಜಿಕೊಂಡು ನಿಂತಿತ್ತು.

ನಾನು ಗುರುಪ್ರಕಾಶ್. ತುಮಕೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಮದುವೆಮನೆಯ ಫೋಟೋ ತೆಗೆಯುವುದು ನನ್ನ ಕಸುಬು. ನಜ್ಜುಗುಜ್ಜಾದ ಗಾಡಿಗಳ ಫೋಟೋ ತೆಗೆಯುವುದು ನನ್ನ ಹಣೆಬರಹ. ಯಾಕೆಂದರೆ ನನ್ನ ಹೆಂಡತಿ ರೂಪಶ್ರೀ ವಿಮೆ ಸರ್ವೇಯರ್. ಎಲ್ಲಿ ಗಾಡಿ ಉರುಳಿದರೂ ಹೋಗಿ, ಯಾಕೆ ಉರುಳಿತು ಎಂದು ಪತ್ತೆ ಹಚ್ಚುವವಳು. ಅವಳಿಗೆ ಕಾರು ಓಡಿಸಲು ಚೆನ್ನಾಗಿ ಬರುತ್ತದೆ. ಆದರೂ ಓಡಿಸುವವನು ನಾನೇ, ಬಿಡಿ.

ದೋಣಿ ಗುಬ್ಬಿಯ ಸೋಮಶೇಖರ್ ಅವರದು. ದುರ್ಗದ ಆಚೆಯ ಒಂದು ಕೆರೆಯಲ್ಲಿ ದೋಣಿವಿಹಾರ ನಡೆಸಲು ಅವರು ಕಂಟ್ರಾಕ್ಟ್ ಹಿಡಿದಿದ್ದರು. ಟ್ರೇಲರ್ ಮಾಡಿಕೊಟ್ಟವನು ಗುಬ್ಬಿಯ ವರ್ಕ್‌ಶಾಪಿನ ಮೋಹನ್‌ಕುಮಾರ್. ಬೆಳಿಗ್ಗೆ ಅಲ್ಲೇ ಪೂಜೆ ಮುಗಿಸಿ, ಹೆಬ್ಬೂರಿನ ಡ್ರೈವರ್ ಚಂದ್ರು ಜೀಪಿಗೆ ಟ್ರೇಲರ್ ಕಟ್ಟಿಕೊಂಡು ಹೊರಟಿದ್ದ. ಕುಣಿಗಲ್ ದಾಟುವವರೆಗೆ ಏನೂ ತೊಂದರೆಯಿಲ್ಲ. ಇಳಿಜಾರಿಗೆ ಬಂದಾಗ ಟ್ರೇಲರ್ ಜೀಪನ್ನೇ ತಳ್ಳತೊಡಗಿತು. ಕೆಳಗೆ ಹೆಂಗಸರು ರಸ್ತೆಯ ಮೇಲೆ ರಾಗಿ ಹರಡಿಕೊಂಡಿದ್ದರು. ಚಂದ್ರು ಸ್ಟೀರಿಂಗನ್ನು ಬಂಡೆಯ ಕಡೆ ತಿರುಗಿಸಿಬಿಟ್ಟ. ಹೆಂಗಸರಿಗೆ ಒಂದು ಗೀರೂ ಆಗಲಿಲ್ಲ. ಇವನ ಕಾಲು ಮುರಿಯಿತು.

ಅವರಲ್ಲೊಬ್ಬಾಕೆ ನರಸಿಂಹಮ್ಮ. ನಾವು ಹೋದಾಗ ನಡೆದದ್ದನ್ನು ಹೇಳಿದವಳು ಆಕೆಯೇ. ಹಿಂದಿನ ಕಾರಿನಲ್ಲಿ ಬಂದ ಹಿರಿಯರೊಬ್ಬರು ಚಂದ್ರುವನ್ನು ಹೊರಗೆಳೆದರಂತೆ. ಆಂಬುಲೆನ್ಸ್ ಬರುವ ತನಕ ಟ್ರೇಲರಿನ ಹೂವಿನ ಹಾರ ಹಿಡಿದು ಕೂತಿದ್ದರಂತೆ. “ದೇವರಿಗೆ ಕೈ ಮುಗೀತಾವ್ರೆ ಅಂದ್ಕೊಂಡ್ವಿ ಕಣವ್ವ,” ಎಂದಳು. ಆ ಹಿರಿಯರು ಸೋಮಶೇಖರ್ ಅವರ ತಂದೆ ಮಹಾಲಿಂಗಯ್ಯ. ಪ್ರಸಾದದ ಬುಟ್ಟಿ ಹಿಡಿದು ಹಿಂದೆಯೇ ಬರುತ್ತಿದ್ದವರು.

ಮಧ್ಯಾಹ್ನ ಪೊಲೀಸರ ಜೊತೆ ಬಂದ ಸೋಮಶೇಖರ್ ಕುದಿಯುತ್ತಿದ್ದರು. ಡೀಸೆಲ್ ಉಳಿಸುವ ಚಪಲಕ್ಕೆ ಚಂದ್ರು ನ್ಯೂಟ್ರಲ್‌ನಲ್ಲಿ ಇಳಿಸಿದ್ದಾನೆ, ಇವನ ಲೈಸೆನ್ಸ್ ರದ್ದು ಮಾಡಿಸದೆ ಬಿಡುವುದಿಲ್ಲ ಎಂದು ಕೂಗಾಡಿದರು.

ಜೀಪಿನ ಗೇರು ಎರಡರಲ್ಲೇ ಇತ್ತು. ರೂಪಾ ತೋರಿಸಿದಳು. ಗುದ್ದಿದ ಮೇಲೆ ಹಾಕಿರುತ್ತಾನೆ ಎಂದರು ಅವರು. ಕಾಲು ಮುರಿದುಕೊಂಡವನು ಗೇರು ಹಾಕುತ್ತಾ ಕೂರುತ್ತಾನೆಯೇ? ನನಗೆ ರೇಗಿತು. ರೂಪಾ ಕಣ್ಣಲ್ಲೇ ಗದರಿಸಿದಳು. ಕ್ಯಾಮೆರಾ ಹಿಡಿದು ಟ್ರೇಲರಿನ ಕೊಂಡಿಯ ಹತ್ತಿರ ಹೋದೆ. ಚೆಂಡುಹೂವಿನ ಹಾರ ಸರಿಸಿ ಎಲ್ಲ ಕಡೆಯಿಂದಲೂ ಫೋಟೋ ತೆಗೆದೆ.

ಸಂಜೆಯ ಹೊತ್ತಿಗೆ ಮೋಹನ್‌ಕುಮಾರ್ ಬಂದ. ಮೈಯೆಲ್ಲ ಬೆವರು, ಪಾಪ. ಬ್ರೇಕೇ ಸರಿಯಿಲ್ಲ ಎಂದು ಎಲ್ಲಿ ತನ್ನ ತಲೆಗೆ ಕಟ್ಟುತ್ತಾರೋ ಎಂಬ ದಿಗಿಲು. ಟ್ರೇಲರನ್ನು ಜಾಕ್ ಮೇಲೆ ನೆಟ್ಟಗೆ ಎತ್ತಿ ನಿಲ್ಲಿಸಿ, ಬ್ರೇಕ್ ಹೇಗೆ ಹಿಡಿಯುತ್ತದೆಂದು ನಮಗೆ ತೋರಿಸಿದ. ಅದಕ್ಕೆ ಡ್ರೈವರಿನ ಕಾಲು ಬೇಕಿಲ್ಲ. ಜೀಪು ನಿಧಾನವಾದರೆ ಹಿಂದಿನ ಭಾರ ಮುಂದಕ್ಕೆ ನೂಕುತ್ತದೆ. ಆ ನೂಕಿಗೆ ಕೊಂಡಿಯ ರಾಡು ಒಳಕ್ಕೆ ಜಾರುತ್ತದೆ. ಆಗ ಟ್ರೇಲರಿನ ಚಕ್ರಗಳು ತಾವೇ ಬ್ರೇಕ್ ಹಿಡಿಯುತ್ತವೆ. ಅವನು ಚಕ್ರ ತಿರುಗಿಸಿಬಿಟ್ಟು, ರಾಡನ್ನು ಬಲವಾಗಿ ಒಳಕ್ಕೆ ತಳ್ಳಿದ. ಚಕ್ರ ಗಪ್ಪನೆ ನಿಂತಿತು.

ಗೇರೂ ಸರಿ, ಬ್ರೇಕೂ ಸರಿ. ಹಾಗಾದರೆ ದೋಣಿ ಓಡಿದ್ದು ಯಾಕೆ?

ಮರುದಿನ ತುಮಕೂರಿನ ಆಸ್ಪತ್ರೆಗೆ ಹೋದೆವು. ಚಂದ್ರುವಿನ ಕಾಲಿಗೆ ದಪ್ಪ ಪಟ್ಟಿ. ಪಕ್ಕದಲ್ಲಿ ಹೆಂಡತಿ ಸರ್ವಮಂಗಳ, ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಸ್ಟೀರಿಂಗ್ ಬಿಟ್ಟರೆ ಅವನಿಗೆ ಬೇರೆ ಕೆಲಸ ಗೊತ್ತಿಲ್ಲ, ಲೈಸೆನ್ಸ್ ಹೋದರೆ ಮನೆ ನಡೆಯುವುದು ಹೇಗೆ ಎಂಬುದು ಅವಳ ಸಂಕಟ. ಮಂಚದ ತಲೆಯ ಕಡೆ ಮಹಾಲಿಂಗಯ್ಯನವರು ಕೂತು ಚಂದ್ರುವಿಗೆ ಇಡ್ಲಿ ಮುರಿದು ಕೊಡುತ್ತಿದ್ದರು. ಮಗ ಕೇಸು ಹಾಕಿಸುತ್ತಾನೆ, ಅಪ್ಪ ಉಪಚಾರ ಮಾಡುತ್ತಾರೆ! ದೊಡ್ಡ ಮನಸ್ಸು ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

“ಬ್ರೇಕ್ ಒತ್ತಿದ್ಯಾ ಚಂದ್ರು?” ರೂಪಾ ಕೇಳಿದಳು.

“ಒತ್ತಿದೆ ಅಂತಲೇ ಅನ್ಕೊಂಡಿದೀನಿ ಮೇಡಂ. ಒತ್ತೀ ಒತ್ತೀ ಜೀಪಿನ ಬ್ರೇಕೂ ಕಾದು ಕೈಕೊಡ್ತು. ಎಲ್ರೂ ನಿಂದೇ ತಪ್ಪು ಅಂತವ್ರೆ. ನನ್ ಕಾಲ್ ಮ್ಯಾಲೆ ನಂಗೇ ಅನುಮಾನ ಬಂದ್ಬುಟ್ಟದೆ.”

“ಹೊರಡೋ ಮುಂಚೆ ಕೊಂಡಿ ನೋಡಿದ್ಯಾ?”

ಅವನು ತಡವಾಗಿ ಬಂದಿದ್ದನಂತೆ. ಅಷ್ಟರಲ್ಲಿ ಪೂಜೆ ಮುಗಿದು ಕೊಂಡಿಯ ತುಂಬ ಹೂವು. ದೋಣಿ ನೀರಿಗೆ ಇಳಿಯುವ ತನಕ ಪೂಜೆಯ ಹೂವು ಮುಟ್ಟಬಾರದೆಂದು ಸೋಮಶೇಖರ್ ಅವರ ಮನೆಯವರು ಹೇಳಿದ್ದರಿಂದ, ಹಾರದ ಕೆಳಗೆ ಅವನು ಕೈಯಾಡಿಸಲಿಲ್ಲ. ಹುಕ್ಕು ಬಿದ್ದದ್ದು ನೋಡಿಕೊಂಡು ಹೊರಟ.

ರೂಪಾ ಎದ್ದಳು. ಸೀದಾ ಸ್ಟುಡಿಯೋಗೆ ನಡೆಯಿರಿ ಎಂದಳು. ಕಂಪ್ಯೂಟರಿನಲ್ಲಿ ಆ ಕೊಂಡಿಯ ಫೋಟೋ ದೊಡ್ಡದು ಮಾಡಿಸಿ ನೋಡಿದಳು, ನೋಡಿದಳು, ನೋಡುತ್ತಲೇ ಇದ್ದಳು. ಆಮೇಲೆ ಸೋಮಶೇಖರ್ ಅವರಿಗೆ ಫೋನ್ ಮಾಡಿ ಆಸ್ಪತ್ರೆಗೆ ಬರಹೇಳಿದಳು.

ನಾವು ವಾಪಸು ಹೋದಾಗ ಮಹಾಲಿಂಗಯ್ಯನವರು ಅಲ್ಲೇ ಇದ್ದರು. ರೂಪಾ ಫೋಟೋವನ್ನು ಮಂಚದ ಮೇಲಿಟ್ಟಳು.

“ಇದು ಮೋಹನ್‌ಕುಮಾರ್ ರಾಡು ತಳ್ಳೋ ಮುಂಚೆ ತೆಗೆದದ್ದು. ರಾಡಿನ ಮೇಲೆ ವಿಭೂತಿ ನೋಡಿ, ಮೂರು ಗೆರೆ. ಒಂಚೂರೂ ಅಳಿಸಿಲ್ಲ. ರಾಡು ಒಂದೇ ಒಂದು ಸಲ ಒಳಕ್ಕೆ ಜಾರಿದ್ರೂ ಇದು ಒರೆಸಿಹೋಗ್ಬೇಕಿತ್ತು. ಗುಬ್ಬಿಯಿಂದ ಬಂಡೆವರೆಗೂ ರಾಡು ಅಲ್ಲಾಡೇ ಇಲ್ಲ. ಯಾಕೆ?”

ರೂಪಾ ಫೋಟೋದಲ್ಲಿ ರಾಡಿನ ತೂತಿನ ಮೇಲೆ ಬೆರಳಿಟ್ಟಳು.

“ಈ ಬ್ರೇಕು ರಿವರ್ಸ್ ತಗೊಳ್ಳೋವಾಗಲೂ ಹಿಡ್ಕೊಂಡುಬಿಡುತ್ತೆ. ಅದಕ್ಕೇ ಹಿಂದಕ್ಕೆ ತಳ್ಳೋವಾಗ ರಾಡು ಜಾರದ ಹಾಗೆ ಒಂದು ಪಿನ್ನು ಹಾಕ್ತಾರೆ. ಮುಂದಕ್ಕೆ ಹೊರಡೋವಾಗ ತೆಗೀಬೇಕು. ಪಿನ್ನಿನ ತೂತು ನೋಡಿ. ಸುತ್ತ ಕುಂಕುಮ, ಆದ್ರೆ ತೂತಿನ ಅಂಚಲ್ಲಿ ಪಿನ್ನಿನ ತಲೆಯಷ್ಟಗಲ ಗುಂಡಗೆ ಖಾಲಿ. ಪಿನ್ನು ಇದ್ದಾಗಲೇ ಕುಂಕುಮ ಇಟ್ಟಿದಾರೆ. ಗಾಡಿ ಬಿದ್ದ ಮೇಲೆ ಯಾರೋ ಪಿನ್ನು ಕಿತ್ತಿದಾರೆ.”

“ಮೋಹನ್‌ಕುಮಾರಾ?” ಸೋಮಶೇಖರ್ ಕೇಳಿದರು.

“ಅವರು ಬರೋ ಮುಂಚಿನ ಫೋಟೋ ಇದು. ನೀವು ಪೊಲೀಸರ ಜೊತೆ ಬಂದೋರು. ಅದಕ್ಕೂ ಮುಂಚೆ ಆ ಹಾರದ ಹತ್ರ ಕೂತಿದ್ದೋರು ಒಬ್ಬರೇ.” ರೂಪಾಳ ದನಿ ಮೆತ್ತಗಾಯಿತು. “ಪೂಜೆಗೆ ಟ್ರೇಲರು ಪೂರ್ವಕ್ಕೆ ತಿರುಗಿರಲಿಲ್ಲ, ಅದಕ್ಕೇ ಹಿಂದಕ್ಕೆ ತಳ್ಳಿಸಿದ್ರಿ, ಅಲ್ವಾ ಯಜಮಾನ್ರೇ?”

ಮಹಾಲಿಂಗಯ್ಯನವರು ಜುಬ್ಬದ ಜೇಬಿಗೆ ಕೈಹಾಕಿ, ಬೆರಳುದ್ದದ ಕಬ್ಬಿಣದ ಪಿನ್ನು ತೆಗೆದು ಫೋಟೋದ ಪಕ್ಕ ಇಟ್ಟರು. ಪೂರ್ವಕ್ಕೆ ಮುಖ ಮಾಡಲೆಂದು ತಾವೇ ಟ್ರಾಕ್ಟರ್ ಕಟ್ಟಿ ಹಿಂದಕ್ಕೆ ತಳ್ಳಿದ್ದರು. ಪಿನ್ನು ಹಾಕಿದ್ದೂ ಅವರೇ. ಮಂಗಳಾರತಿ, ಹೂವು, ತೆಂಗಿನಕಾಯಿಯ ಗಡಿಬಿಡಿಯಲ್ಲಿ ತೆಗೆಯುವುದು ಮರೆತಿತ್ತು.

“ಯಾಕ್ ಹೇಳ್ಲಿಲ್ಲ ಅಪ್ಪಾಜಿ?” ಸೋಮಶೇಖರ್ ಪಿನ್ನು ಎತ್ತಿಕೊಂಡರು.

“ಭಯ ಆಯ್ತು ಕಣಪ್ಪ. ಮೊದ್ಲು ಇವ್ನು ಬದುಕಿದ್ರೆ ಸಾಕು ಶಿವನೇ ಅಂದ್ಕೊಂಡೆ. ಬದುಕಿದ್ಮೇಲೆ ನನ್ ಮಾನ ಉಳಿದ್ರೆ ಸಾಕು ಅಂದ್ಕೊಂಡೆ.”

ಚಂದ್ರು ಯಜಮಾನರ ಕಡೆ ನೋಡಲಿಲ್ಲ. ರೂಪಾಳನ್ನೇ ನೋಡುತ್ತಿದ್ದ.

“ಅಂಗಾದ್ರೆ ನನ್ ಕಾಲು ಸರ್ಯಾಗೇ ಒತ್ತಿತ್ತಾ ಮೇಡಂ?”

“ಸರಿಯಾಗೇ ಒತ್ತಿತ್ತು ಚಂದ್ರು.”

ಅವನು ಮುಖ ಮುಚ್ಚಿಕೊಂಡು ಅತ್ತ. ಸರ್ವಮಂಗಳ ಅವನ ತೋಳು ಹಿಡಿದುಕೊಂಡಳು. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಸೋಮಶೇಖರ್ ತಲೆ ತಗ್ಗಿಸಿಕೊಂಡು, ತಪ್ಪಾಯಿತು ಎಂದು ಅವನಿಗೊಮ್ಮೆ, ಅವಳಿಗೊಮ್ಮೆ ಹೇಳಿದರು. ಠಾಣೆಗೆ ಹೋಗಿ ನಡೆದದ್ದನ್ನು ತಾನೇ ಹೇಳುತ್ತೇನೆಂದು ಮಹಾಲಿಂಗಯ್ಯನವರು ಎದ್ದರು. ಬಾಗಿಲವರೆಗೆ ಹೋಗುವಷ್ಟರಲ್ಲಿ ಚಂದ್ರು ಕರೆದ.

“ಯಜಮಾನ್ರೇ, ನಂಗೆ ನಿಮ್ಮ ಮ್ಯಾಲೆ ಭಾಳ ಸಿಟ್ಟು ಬಂದೈತೆ. ಇವತ್ತು ನನ್ನ ಮಾತಾಡಿಸ್ಬ್ಯಾಡಿ.”

ಅವರು ತಲೆಯಾಡಿಸಿದರು.

“ನಾಳೆ ಬನ್ನಿ,” ಎಂದ ಚಂದ್ರು.